ಐದು ಗೆರೆಯ ಬಾಗಿಲು

ಓಡೀಲ್ ಪ್ಲೇಸಾನ್ಸ್‌ಳ ಅಡುಗೆಮನೆಯ ಉಗ್ರಾಣಕ್ಕೆ ಒಂದು ಬಾಗಿಲಿದೆ. ಸೈಪ್ರಸ್ ಮರದ್ದು, ಅವಳ ಅಜ್ಜ ಮಾಡಿಸಿದ್ದು. ಬಯೂ ಸೆನೆಟ್ ಎಂಬ ಜೌಗುಹೊಳೆಯ ನೀರು ಮನೆಯೊಳಗೆ ನುಗ್ಗಿದಾಗಲೆಲ್ಲ ಗೋಡೆಯ ಹಲಗೆಗಳು ಕೊಳೆತಿವೆ, ನೆಲ ಎರಡು ಸಲ ಬದಲಾಗಿದೆ, ಮೂರು ಫ್ರಿಜ್ಜುಗಳು ರಸ್ತೆಬದಿ ಸೇರಿವೆ. ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಿಲ್ಲ. ಅದರ ಮೇಲೆ ಪೆನ್ಸಿಲಿನಲ್ಲಿ ಐದು ಗೆರೆ. ಪ್ರತಿ ಗೆರೆಯ ಪಕ್ಕ ಒಂದು ಇಸವಿ, ಒಂದು ಸಹಿ. ನೀರು ಇಳಿದ ಮೇಲೆ ಮನೆಯವರ ಜೊತೆ ಮೊದಲು ಒಳಗೆ ಕಾಲಿಟ್ಟವರು ಹೀಗೆ ಗೆರೆ ಎಳೆದು ಸಹಿ ಹಾಕುವುದು ಆ ದಂಡೆಯವರ ರೂಢಿ. ಓಡೀಲ್‌ಳ ಬಾಗಿಲ ಮೇಲೆ ಐದಕ್ಕೆ ಐದೂ ಒಬ್ಬನದೇ ಸಹಿ. ಕ್ಲೋವಿಸ್ ತ್ರೋಸ್ಕ್ಲೇರ್.

ಕ್ಲೋವಿಸ್ ಅವಳಿಗೆ ಪರೇನ್. ಅಂದರೆ ಹೆಸರಿಡುವ ದಿನ ಚರ್ಚಿನಲ್ಲಿ ಕೂಸನ್ನು ಎತ್ತಿಕೊಂಡು, ಇದರ ಹೊಣೆ ನನ್ನದು ಎಂದು ಪಾದ್ರಿಯೆದುರು ಒಪ್ಪಿಕೊಂಡವನು. ಆಗ ಅವನಿಗೆ ಹದಿನಾರು ವರ್ಷ. ಒಪ್ಪಿಕೊಂಡ ಹೊಣೆಯನ್ನು ಹೊತ್ತೂ ಇದ್ದ, ಸುಳ್ಳು ಹೇಳಬಾರದು. ಓಡೀಲ್‌ಳ ಅಪ್ಪ ಸೀಗಡಿ ದೋಣಿಯಲ್ಲಿ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಅವಳಿಗೆ ಟ್ರಕ್ ಓಡಿಸುವುದನ್ನು ಕಲಿಸಿದವನು ಕ್ಲೋವಿಸ್. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಕೊಡಿಸಿದವನು ಕ್ಲೋವಿಸ್. ಮದುವೆಯಾದ ಆರನೇ ವರ್ಷಕ್ಕೆ ಗಂಡ ಟೆಕ್ಸಸ್ಸಿನ ಕಡೆ ನಾಪತ್ತೆಯಾದಾಗ, ಆ ಅಯೋಗ್ಯನ ಹೆಸರನ್ನು ಇನ್ನು ಯಾರೂ ಎತ್ತಕೂಡದು ಎಂದು ಇಡೀ ದಂಡೆಗೆ ತಾಕೀತು ಮಾಡಿದವನೂ ಅವನೇ. ಆ ದಂಡೆಯ ಅಷ್ಟೂ ಮನೆಗಳ ಸರ್ಕಾರಿ ನೆರೆ ವಿಮೆಯ ಏಜೆಂಟ್ ಕೂಡ ಅವನೇ.

ಶಾಲೆಯಲ್ಲಿ ಓಡೀಲ್ ಮೂವತ್ತೆರಡು ವರ್ಷ ಬೇಯಿಸಿದಳು. ಸೋಮವಾರ ಕೆಂಪು ಬೀನ್ಸ್ ಕಾಳು, ಶುಕ್ರವಾರ ಮೀನು. ಅವಳ ಕೈಯ ಅನ್ನ ತಿಂದ ಮಕ್ಕಳು ಈಗ ತಾತಂದಿರಾಗಿದ್ದಾರೆ. ಒರಟು ಮಾತು, ದೊಡ್ಡ ನಗು, ಯಾರ ಹಂಗೂ ಬೇಡವೆನ್ನುವ ಜಂಬ. ಅವಳ ದೌರ್ಬಲ್ಯ ಒಂದೇ. ಗಟ್ಟಿಗಿತ್ತಿ ಎಂದು ಯಾರಾದರೂ ಹೊಗಳಿದರೆ ಕರಗಿಹೋಗುತ್ತಿದ್ದಳು. ಇದು ಕ್ಲೋವಿಸ್‌ಗೆ ಚೆನ್ನಾಗಿ ಗೊತ್ತಿತ್ತು.

ತೊಂಬತ್ತೆರಡರ ನೀರು ಬಂದು ಇಳಿದ ದಿನ ಅವನು ಬಾಗಿಲಿಗೆ ಎರಡನೇ ಗೆರೆ ಎಳೆದು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೇಳಿದ್ದ.

"ಎಂಬತ್ತೈದರಲ್ಲಿ ಕ್ಲೇಮ್ ಬರೆಸಿದ್ವಲ್ಲ, ಸಾಕು ಮಗಾ. ಪದೇ ಪದೇ ಕ್ಲೇಮ್ ಹಾಕಿದ್ರೆ ಪಾಲಿಸಿನೇ ಕಿತ್ಕೋತಾರೆ. ಆಮೇಲೆ ದೊಡ್ಡ ನೀರು ಬಂದಾಗ ಏನ್ ಮಾಡ್ತೀಯ?"

"ಹಂಗಾದ್ರೆ ಈ ಗೋಡೆ, ಪರೇನ್?"

"ಗೋಡೆ ನಾನ್ ಹಾಕ್ಸ್ತೀನಿ ಬಿಡು. ನಾವೆಲ್ಲ ಸತ್ತೋಗಿದ್ದೀವಾ? ಸರ್ಕಾರದ ಮುಂದೆ ಕೈಚಾಚೋ ಹೆಂಗಸಲ್ಲ ಕಣೇ ನೀನು."

ಗೋಡೆ ಹಾಕಿಸಿದ, ನಿಜ. ಹಲಗೆ ತಂದ, ಹತ್ತು ಜನರನ್ನು ಕರೆತಂದ, ತಾನೂ ಪ್ಯಾಂಟು ಮಡಚಿ ಕೆಸರು ಗೋರಿದ. ಓಡೀಲ್ ಅಂಗಳದಲ್ಲಿ ದೊಡ್ಡ ಪಾತ್ರೆಯಿಟ್ಟು ಸೀಗಡಿ ಹಾಕಿದ ಗಂಬೊ ಸಾರು ಕುದಿಸಿ ಎಲ್ಲರಿಗೂ ಬಡಿಸಿದಳು. ಎರಡು ಸಾವಿರದ ಎರಡರಲ್ಲೂ ಹಾಗೇ ಆಯಿತು, ಐದರಲ್ಲೂ, ಎಂಟರಲ್ಲೂ. ನೀರು ಬರುವುದು, ಪರೇನ್ ಬರುವುದು, ಗೆರೆ, ಗೋಡೆ, ಗಂಬೊ. ಕ್ಲೇಮ್ ಅರ್ಜಿ ಮಾತ್ರ ಬರಲಿಲ್ಲ. ಆ ಜನರ ನಡುವೆ ನಿಂತು ಬಡಿಸುವಾಗ ತನ್ನಷ್ಟು ಪುಣ್ಯವಂತೆ ಇಲ್ಲ ಅನ್ನಿಸುತ್ತಿತ್ತು ಅವಳಿಗೆ. ಅನ್ನಿಸದೇ ಏನು? ಅಷ್ಟು ಚೆನ್ನಾಗಿ ಮೂಗಿಗೆ ತುಪ್ಪ ಸವರಿದರೆ ಯಾರಿಗಾದರೂ ಘಮ ಬಂದೇ ಬರುತ್ತದೆ.

ಇನ್ನೊಂದು ವಿಷಯ ಹೇಳಬೇಕು. ಆ ದಂಡೆಯ ಮನೆಗಳಿಗೆ ಹತ್ತಿರದವರು ಬಂದರೆ ನೇರ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಳ್ಳುತ್ತಾರೆ. ವರಾಂಡದಲ್ಲಿ ಕೂರುವವರು ಹೊರಗಿನವರು, ವಸೂಲಿಯವರು, ಮತ ಕೇಳಲು ಬಂದವರು. ತೊಂಬತ್ತಮೂರರಿಂದ ಕ್ಲೋವಿಸ್ ಆಗಾಗ ಊರಾಚೆಯ ಜನರನ್ನು ಓಡೀಲ್‌ಳ ಮನೆಗೆ ಕರೆತರುತ್ತಿದ್ದ. ದಂಡೆಯ ಹಿಂದಿದ್ದ ತನ್ನ ಕಬ್ಬಿನ ಗದ್ದೆಯನ್ನು ಅವನು ನಿವೇಶನ ಮಾಡಿ ಮಾರುತ್ತಿದ್ದ ಕಾಲ ಅದು.

"ಒಳಗ್ ಬನ್ನಿ, ಅಡುಗೆಮನೇಲೇ ಕೂತ್ಕೊಳಿ," ಎನ್ನುತ್ತಿದ್ದಳು ಓಡೀಲ್.

"ಬೇಡ ಬೇಡ. ವರಾಂಡದಲ್ಲಿ ಗಾಳಿ ಚೆನ್ನಾಗಿದೆ. ಕಾಫಿ ಇಲ್ಲಿಗೇ ತಂದ್ಬಿಡು ಮಗಾ," ಎನ್ನುತ್ತಿದ್ದ ಕ್ಲೋವಿಸ್.

ಅವಳು ಕಪ್ಪು ಕಾಫಿ, ಅಂಜೂರದ ಕೇಕು ತಂದಿಡುವಳು. ಕ್ಲೋವಿಸ್ ಗೋಡೆಯನ್ನು ಕುದುರೆಯ ಬೆನ್ನು ತಟ್ಟಿದ ಹಾಗೆ ತಟ್ಟಿ, "ಇದು ಓಡೀಲ್ ಮನೆ. ಇಂಥದ್ದು ಬೇಕಾದ್ರೆ ಹುಡುಕಿ ನೋಡಿ," ಎನ್ನುವನು. ಬಂದವರು ತಲೆದೂಗುವರು. ಪರೇನ್ ತನ್ನ ಗಟ್ಟಿತನವನ್ನು ಹೊಗಳುತ್ತಿದ್ದಾನೆಂದು ಅವಳು ಇನ್ನೊಂದು ತುಂಡು ಕೇಕು ಇಡುವಳು. ವರಾಂಡ ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಎಂಟರ ನೀರಿನ ನಂತರ ಅವಳಿಗೆ ಕೆಮ್ಮು ಹತ್ತಿಕೊಂಡಿತು. ಹಲಗೆಯ ಹಿಂದೆ ಬೆಳೆದ ಬೂಷ್ಟು ಎದೆಗೆ ಇಳಿದಿದೆ ಎಂದರು ಡಾಕ್ಟರು. ಇನ್ನೊಂದು ಸಲ ಒದ್ದೆ ಮನೆಯಲ್ಲಿ ಕೆಸರು ಗೋರಿದರೆ ಆಮ್ಲಜನಕದ ಸಿಲಿಂಡರು ಎಳೆದುಕೊಂಡು ಓಡಾಡಬೇಕಾದೀತು ಎಂದೂ ಎಚ್ಚರಿಸಿದರು. ಮನೆ ನೀರಿಗಿಂತ ಮೇಲೆ ಹೋಗಬೇಕು, ಇಲ್ಲವೇ ಓಡೀಲ್ ಬಯೂ ಬಿಟ್ಟು ಹೋಗಬೇಕು. ಅರವತ್ತರ ಹತ್ತಿರ ಬಂದವಳು ಎಲ್ಲಿಗೆ ಹೋಗುವುದು? ಆ ಮನೆಯಾಚೆ ಅವಳು ಒಂದು ವಾರವೂ ಮಲಗಿದವಳಲ್ಲ.

ಅಷ್ಟರಲ್ಲಿ ಪ್ಯಾರಿಷ್ ಕಚೇರಿಯಿಂದ, ಅಂದರೆ ಅಲ್ಲಿನ ಜಿಲ್ಲಾಡಳಿತದಿಂದ, ಸುದ್ದಿ ಬಂತು. ನೆರೆ ವಿಮೆಯಿರುವ ಮನೆಗಳನ್ನು ಜಾಕ್ ಹಾಕಿ ಹತ್ತಡಿ ಎತ್ತರಿಸಿ ಕಂಬಗಳ ಮೇಲೆ ಕೂರಿಸಲು ಕೇಂದ್ರ ಸರ್ಕಾರ ಅನುದಾನ ಕೊಡುತ್ತದೆ, ಮೊದಲ ಕಂತಿನಲ್ಲಿ ಹನ್ನೆರಡು ಮನೆ. ಹೆಚ್ಚು ಸಲ ಮುಳುಗಿದ ಮನೆಗೆ ಮೊದಲ ಆದ್ಯತೆ. ಓಡೀಲ್ ಬಾಗಿಲ ಗೆರೆಗಳನ್ನು ಮುಟ್ಟಿ ನೋಡಿ ನಕ್ಕಳು. ಐದು ಸಲ. ಆ ದಂಡೆಯಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಇರಲಿಲ್ಲ.

"ನನ್ ಹೆಸ್ರು ಬರುತ್ತಾ ಪರೇನ್?" ಎಂದು ಅರ್ಜಿ ತುಂಬುವಾಗ ಕೇಳಿದಳು.

"ನಿನ್ನಂಥೋಳಿಗೆ ಬರ್ದೆ ಇನ್ಯಾರಿಗೆ ಬರುತ್ತೆ," ಎಂದ ಕ್ಲೋವಿಸ್, ಕಿಟಕಿಯಾಚೆ ನೋಡುತ್ತ.

ಸರ್ಕಾರದ ಕೆಲಸ ತಾನೆ, ಎರಡು ವರ್ಷ ಕಳೆಯಿತು. ಒಂದು ಮಾರ್ಚ್ ತಿಂಗಳಲ್ಲಿ ಗ್ರಂಥಾಲಯದ ಗೋಡೆಯ ಮೇಲೆ ಪಟ್ಟಿ ಅಂಟಿಸಿದರು. ಓಡೀಲ್ ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದಳು. ಹನ್ನೆರಡು ಹೆಸರು. ಅವಳದಿಲ್ಲ. ಎರಡನೆಯದು ಕ್ಲೋವಿಸ್ ತ್ರೋಸ್ಕ್ಲೇರ್. ಪಟ್ಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಸಲ ಕ್ಲೇಮ್ ಮಾಡಿದ ಮನೆಗಳು. ಅದನ್ನು ಅವಳು ನಾಲ್ಕನೇ ಸಲಕ್ಕೆ ಓದಿದಳು.

ಪ್ಯಾರಿಷ್ ಕಚೇರಿಯಲ್ಲಿ ಅನುದಾನದ ಕಡತ ನೋಡಿಕೊಳ್ಳುವವಳು ಡೆನಿಸ್ ಬ್ಯಾಟಿಸ್ಟ್. ಚಿಕ್ಕಂದಿನಲ್ಲಿ ಓಡೀಲ್‌ಳ ಕೈಯಡುಗೆ ತಿಂದವಳೇ.

"ಮಿಸ್ ಓಡೀಲ್, ನಿಮ್ ಮನೆ ಎಂಬತ್ತೈದರಲ್ಲಿ ಒಂದೇ ಸಲ ಮುಳುಗಿರೋದು, ಕಾಗದದ ಪ್ರಕಾರ," ಎಂದಳು ಡೆನಿಸ್.

"ಕಾಗದಕ್ಕೇನಮ್ಮ ಗೊತ್ತು? ನೀರು ನುಗ್ಗಿದ್ದು ನನ್ ಮನೆಗೆ, ನಿನ್ ಕಡತಕ್ಕಲ್ಲ."

"ನಂಗೊತ್ತು. ಮೇಲಿನೋರಿಗೆ ಗೊತ್ತಾಗ್ಬೇಕಲ್ಲ. ಗುರುವಾರ ಸಭೆ ಇದೆ, ಬಂದು ಆಕ್ಷೇಪ ಹೇಳಿ. ನಿಮ್ ಹತ್ರ ಏನಾದ್ರೂ ಸಾಕ್ಷಿ ಇದ್ಯಾ?"

ಗುರುವಾರ ಬೆಳಿಗ್ಗೆ ಓಡೀಲ್ ಪಕ್ಕದ ಮನೆಯ ಸೀಗಡಿ ಹಿಡಿಯುವ ಟೀ-ರೇಯನ್ನು ಕರೆಸಿದಳು. ಇಬ್ಬರೂ ಸೇರಿ ಉಗ್ರಾಣದ ಬಾಗಿಲಿನ ತಿರುಗುಣಿ ಬಿಚ್ಚಿ, ಕಂಬಳಿ ಸುತ್ತಿ ಅವನ ಟ್ರಕ್ಕಿಗೆ ಹೇರಿದರು.

"ಬಾಗಿಲೊಂದೇ ಯಾಕೆ, ಇಡೀ ಮನೇನೇ ಹೇರ್ಕೊಂಡ್ಬಿಡೋಣ. ಟ್ರಕ್ ಮೇಲಾದ್ರೂ ನಾಲ್ಕಡಿ ಮೇಲಿರುತ್ತೆ," ಎಂದ ಟೀ-ರೇ.

"ಬಾಯ್ಮುಚ್ಕೊಂಡು ಹಗ್ಗ ಬಿಗಿ," ಎಂದಳು ಓಡೀಲ್. ಆದರೂ ನಕ್ಕಳು. ಪರೇನ್ ಎದ್ದು ನಿಂತು, ಹೌದು, ಇದು ನನ್ನ ಸಹಿ, ನಾನೇ ಕಣ್ಣಾರೆ ಕಂಡಿದ್ದೇನೆ ಎಂದುಬಿಟ್ಟರೆ ಕೆಲಸವಾಯಿತು ಎಂಬ ನಂಬಿಕೆ ಅವಳಲ್ಲಿ ಆಗಲೂ ಉಳಿದಿತ್ತು. ಅವನ ಮನೆ ಪಟ್ಟಿಯಲ್ಲಿ ಹೇಗೆ ಬಂತು ಎನ್ನುವ ಪ್ರಶ್ನೆಯನ್ನು ಇಡೀ ವಾರ ಆಚೆ ತಳ್ಳಿ ತಳ್ಳಿ ಇಟ್ಟಿದ್ದಳು ಪಾಪ.

ಸಭಾಂಗಣದಲ್ಲಿ ಅರವತ್ತು ಜನ ಸೇರಿದ್ದರು. ಬಾಗಿಲನ್ನು ಮೇಜಿಗೆ ಒರಗಿಸಿ ನಿಲ್ಲಿಸಿದರು. ಓಡೀಲ್ ಗೆರೆಗಳನ್ನು ಒಂದೊಂದಾಗಿ ತೋರಿಸಿ ಇಸವಿ ಓದಿದಳು, ಸಹಿ ಓದಿದಳು. ಡೆನಿಸ್ ಎದ್ದುಬಂದು ಬಗ್ಗಿ ನೋಡಿದಳು.

"ಇದು ಏಜೆಂಟರದೇ ಸಹಿ. ಮಿಸ್ಟರ್ ಕ್ಲೋವಿಸ್, ನೀವೇ ನೋಡಿದ್ಮೇಲೆ ಕ್ಲೇಮ್ ಯಾಕ್ ಕಳಿಸ್ಲಿಲ್ಲ?"

ಎರಡನೇ ಸಾಲಿನಲ್ಲಿದ್ದ ಕ್ಲೋವಿಸ್ ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡ. ಎಪ್ಪತ್ತೇಳರ ಆಳು ಒಮ್ಮೆಗೇ ತೊಂಬತ್ತರವನಂತೆ ಕಂಡ.

"ಅವಳ ಒಳ್ಳೇದಕ್ಕೇ. ಪಾಲಿಸಿ ರದ್ದಾಗ್ಬಾರ್ದು ಅಂತ."

"ಕ್ಲೇಮ್ ಹಾಕಿದ್ರು ಅಂತ ಈ ಪಾಲಿಸಿ ಯಾರಿಗೂ ರದ್ದಾಗಲ್ಲ. ನಿಮಗದು ಗೊತ್ತು," ಎಂದಳು ಡೆನಿಸ್.

ಓಡೀಲ್ ತಿರುಗಿ ಅವನನ್ನೇ ನೋಡಿದಳು.

"ನಿಮ್ ಮನೆಗೆ ನಾಲ್ಕು ಸಲ ಬರೆಸ್ಕೊಂಡಿದೀರಲ್ಲ ಪರೇನ್. ನಿಮ್ ಒಳ್ಳೇದು ಬೇರೆ, ನನ್ ಒಳ್ಳೇದು ಬೇರೆನಾ?"

ಆಗ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. ಕಬ್ಬಿನ ಗದ್ದೆಯಲ್ಲಿ ನಿವೇಶನ ಕೊಂಡು ಮನೆ ಕಟ್ಟಿದವನು. ಬ್ಯಾಟನ್ ರೂಜ್ ಪಟ್ಟಣದ ಕಡೆಯವನು.

"ನಾನು ನಿಮ್ ವರಾಂಡದಲ್ಲಿ ಕಾಫಿ ಕುಡಿದಿದೀನಮ್ಮ. ತೊಂಬತ್ತೆಂಟರಲ್ಲಿ. ಈ ದಂಡೆಗೆ ನೀರೇ ಹತ್ತಲ್ಲ, ಬಯೂ ಬಾಯಲ್ಲಿರೋ ಈ ಮನೇನೇ ನೋಡಿ, ಇಷ್ಟು ವರ್ಷಕ್ಕೆ ಒಂದೇ ಒಂದು ಕ್ಲೇಮ್ ಅಂತ ಇವರು ಗೋಡೆ ತಟ್ಟಿ ಹೇಳಿದ್ರು. ನೀವು ಒಳಗಡೆ ಕೇಕ್ ತರೋಕ್ ಹೋಗಿದ್ರಿ. ನಾನು ನಂಬಿ ತಗೊಂಡೆ. ಆಮೇಲೆ ಮೂರು ಸಲ ಮುಳುಗಿದೀನಿ. ನೀವೂ ಇದರಲ್ಲಿದ್ದೀರಿ ಅಂತಾನೇ ಇಷ್ಟು ದಿನ ಅಂದ್ಕೊಂಡಿದ್ದೆ."

ಓಡೀಲ್ ಬಾಗಿಲ ಗೆರೆಗಳತ್ತ ತಿರುಗಿದಳು. ಆ ವರಾಂಡ, ಆ ಗಾಳಿ, ಅಡುಗೆಮನೆ ಬೇಡವೆಂದದ್ದು, ಎಲ್ಲ ಒಟ್ಟಿಗೇ ಅರ್ಥವಾಯಿತು. ಒಳಗೆ ಬಂದಿದ್ದರೆ ಅವರ ಕಣ್ಣಿಗೆ ಈ ಬಾಗಿಲು ಬೀಳುತ್ತಿತ್ತು. ಅವಳ ಮನೆ ಇಪ್ಪತ್ತು ವರ್ಷ ಅವನ ಅಂಗಡಿಯ ಬೋರ್ಡಾಗಿತ್ತು. ಬೋರ್ಡು ಹೊಳೆಯುತ್ತಿರಲೆಂದೇ ಹಲಗೆ, ಬಣ್ಣ, ಹತ್ತು ಜನರ ಸಹಾಯ ಎಲ್ಲ. ಅವಳೂ ಕೇಕು ಬೇಯಿಸಿ ಹಾಕಿದ್ದಳು. ಸಿಟ್ಟಿಗಿಂತ ಹೆಚ್ಚು ನಾಚಿಕೆಯಾಯಿತು, ಅದೂ ಅಷ್ಟು ಜನರೆದುರು.

"ಬರೀ ಜಾಗ ಮಾರೋಕಾ ಪರೇನ್?" ಎಂದು ಮೆಲ್ಲಗೆ ಕೇಳಿದಳು.

"ಗೋಡೆ ಹಾಕ್ಸಿಲ್ವಾ ನಾನು? ಪ್ರತಿ ಸಲ ಬಂದಿಲ್ವಾ?" ಎಂದ ಕ್ಲೋವಿಸ್. ಅದು ಸುಳ್ಳಾಗಿರಲಿಲ್ಲ. ಅವಳನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದೂ ಅದೇ.

ಬಾಗಿಲನ್ನು ಸಾಕ್ಷಿಯೆಂದು ಮೇಲಿನವರು ಒಪ್ಪಲಿಲ್ಲ. ಕ್ಲೇಮ್ ಹಾಕದ ನೀರು ಅವರ ಲೆಕ್ಕದಲ್ಲಿ ಬಂದೇ ಇಲ್ಲ. ಏಜೆಂಟನ ಮೇಲೆ ದೂರು ಕೊಡಬಹುದು, ಅದಕ್ಕೆ ವರ್ಷಗಳು ಬೇಕು, ಕಳೆದ ಕ್ಲೇಮುಗಳು ಮಾತ್ರ ಹಿಂತಿರುಗುವುದಿಲ್ಲ ಎಂದು ಡೆನಿಸ್ ಕಣ್ಣು ತಗ್ಗಿಸಿಕೊಂಡು ಹೇಳಿದಳು. ಟೀ-ರೇ ಬಾಗಿಲನ್ನು ಮತ್ತೆ ತಿರುಗುಣಿಗೆ ಕೂರಿಸಿಕೊಟ್ಟು, ಏನೂ ತಮಾಷೆ ಮಾಡದೆ ಹೋದ.

ಜೂನಿನಲ್ಲಿ ಕ್ಲೋವಿಸ್‌ನ ಮನೆ ಎದ್ದಿತು. ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ, ನಾಲ್ಕು ಕಡೆ ಜಾಕ್ ಹಾಕಿ, ದಿನಕ್ಕೆ ಎರಡಡಿಯಂತೆ ಎತ್ತಿದರು. ಓಡೀಲ್ ತನ್ನ ಸಿಂಕಿನ ಮುಂದೆ ನಿಂತರೆ ಅದೇ ಕಾಣುತ್ತಿತ್ತು. ಐದನೇ ದಿನ ಅವಳು ಪರದೆ ಎಳೆದಳು.

ಆಗಸ್ಟಿನಲ್ಲಿ ಚಂಡಮಾರುತ ಬಂತು. ಎಲ್ಲರೂ ಉತ್ತರಕ್ಕೆ ಹೋಗಿ ನಾಲ್ಕನೇ ದಿನ ತಿರುಗಿ ಬಂದರು. ಓಡೀಲ್‌ಳ ಮನೆಯಲ್ಲಿ ಮೊಣಕಾಲುದ್ದ ನೀರು ನಿಂತು ಇಳಿದಿತ್ತು. ಈ ಸಲ ಅವಳು ಒಳಗೆ ಕಾಲಿಟ್ಟ ಕೂಡಲೇ ಬಾಗಿಲಿಗೆ ಆರನೇ ಗೆರೆಯನ್ನು ತಾನೇ ಎಳೆದು, ತನ್ನದೇ ಸಹಿ ಹಾಕಿದಳು. ಡೆನಿಸ್ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿ ಕ್ಲೇಮ್ ಬರೆಸಿದಳು. ಎರಡನೆಯದು. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತು, ಕೆಮ್ಮುತ್ತ, ಇನ್ನೆರಡು ಸಲ ಮುಳುಗಿದರೆ ತನ್ನ ಮನೆಯೂ ಮೇಲೇಳುತ್ತದೆ ಎಂದು ಟೀ-ರೇಗೆ ಹೇಳಿದಳು. ಅವನಿಗೆ ನಗು ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಂಟು ಜನ ಸೇರಿದ್ದರು, ಬ್ಯಾಟನ್ ರೂಜಿನವನೂ ಬಂದಿದ್ದ. ಹಲಗೆ ಕಿತ್ತು, ಕೆಸರು ಗೋರಿ, ಎಲ್ಲರೂ ಅಡುಗೆಮನೆಯಲ್ಲಿ ಬಕೆಟ್ಟುಗಳನ್ನು ಬೋರಲು ಹಾಕಿಕೊಂಡು ಕೂತಿದ್ದರು. ಗ್ಯಾಸ್ ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು. ಅಷ್ಟರಲ್ಲಿ ಹಿತ್ತಿಲ ಬಾಗಿಲಲ್ಲಿ ಕ್ಲೋವಿಸ್ ಬಂದು ನಿಂತ. ಹತ್ತೊಂಬತ್ತು ಮೆಟ್ಟಿಲು ಇಳಿದು, ಪ್ಯಾಂಟು ಮಡಚಿಕೊಂಡು, ಕೈಯಲ್ಲಿ ಒರೆಸುವ ಕೋಲು, ಕಿವಿಯ ಮೇಲೆ ಪೆನ್ಸಿಲು. ಅವನು ಯಾವಾಗಲೂ ಕೂರುತ್ತಿದ್ದ ಮೂಲೆಯತ್ತ ಒಂದು ಹೆಜ್ಜೆ ಇಟ್ಟ.

ಓಡೀಲ್ ಎದ್ದು, ಲೋಟಕ್ಕೆ ಕಾಫಿ ಬಗ್ಗಿಸಿದಳು.

"ಮಿಸ್ಟರ್ ಕ್ಲೋವಿಸ್," ಎಂದಳು. ಅರವತ್ತೊಂದು ವರ್ಷಗಳಲ್ಲಿ ಅವನನ್ನು ಹಾಗೆ ಕರೆದದ್ದು ಅದೇ ಮೊದಲು. "ಇಲ್ಲಿ ಬೇಡಿ. ವರಾಂಡದಲ್ಲಿ ಗಾಳಿ ಚೆನ್ನಾಗಿದೆ, ಅಲ್ಲೇ ಕೂತ್ಕೊಳಿ. ಕಾಫಿ ಅಲ್ಲಿಗೇ ತರ್ತೀನಿ."