ತಂಗಿಗಾಗಿ ದೋಹಾದಲ್ಲಿ ವಕೀಲರನ್ನು ಹುಡುಕಿದ್ದು

ವಿಮಾನ ಇಳಿದಿದೆ ಎಂದು ಬೋರ್ಡು ತೋರಿಸಿ ತುಂಬ ಹೊತ್ತಾಗಿತ್ತು. ಮಂಗಳೂರಿನಿಂದ ಬಂದವರೆಲ್ಲ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದರು. ಹಪ್ಪಳದ ರಟ್ಟಿನ ಪೆಟ್ಟಿಗೆಗಳು, ಹಗ್ಗ ಬಿಗಿದ ಸೂಟ್‌ಕೇಸುಗಳು, ಅಪ್ಪನ ಗುರುತು ಸಿಗದೆ ಅಳುವ ಮಕ್ಕಳು. ನನ್ನ ತಂಗಿ ಶ್ರುತಿ ಮಾತ್ರ ಬರಲಿಲ್ಲ. ಕನ್ನಡಿಯಂತೆ ಹೊಳೆಯುವ ಆ ನೆಲದ ಮೇಲೆ ನಿಂತ ನನಗೆ ಯಾರನ್ನು ಕೇಳಬೇಕೆಂದೇ ತಿಳಿಯಲಿಲ್ಲ. ಊರಿನಲ್ಲಾದರೆ ಜನ ಸುತ್ತುಗಟ್ಟುತ್ತಾರೆ, ಒಬ್ಬ ಪೊಲೀಸ್ ಗದರುತ್ತಾನೆ, ಇನ್ನೊಬ್ಬ ಮೆತ್ತಗೆ ವಿಷಯ ಹೇಳುತ್ತಾನೆ. ಇಲ್ಲಿ ಎಲ್ಲರೂ ಮೆತ್ತಗೇ ಇದ್ದರು. ಕೌಂಟರಿನ ಹುಡುಗಿ ನಕ್ಕು, "ಬುಕ್ರಾ" ಎಂದಳು. ಬುಕ್ರಾ ಎಂದರೆ ನಾಳೆ. ನಾಳೆ ಬಾ ಎಂದು ಅಷ್ಟು ಚಂದವಾಗಿ ನಕ್ಕು ಹೇಳಿದರೆ ಎಂಥ ಭಯ ಹುಟ್ಟುತ್ತದೆ ಎಂಬುದು ಅಂದು ಗೊತ್ತಾಯಿತು.

ಮನೆಗೆ ಮುಟ್ಟಿದ ಮೇಲೆ ಶ್ರುತಿಯ ಫೋನ್ ಬಂತು. ಒಂದೇ ಕರೆಗೆ ಅವಕಾಶ ಕೊಟ್ಟಿದ್ದರಂತೆ.

"ಅಕ್ಕಾ, ಸದಾನಂದಣ್ಣನ ಡಬ್ಬಿ ಉಂಟಲ್ಲ, ಅದರಲ್ಲಿ ಮಾತ್ರೆ ಇತ್ತು. ಅದನ್ನು ಇಲ್ಲಿಗೆ ತರ್ಲಿಕ್ಕೇ ಇಲ್ಲಂತೆ. ನನ್ನನ್ನು ಬಿಡುದಿಲ್ಲ ಹೇಳ್ತಿದ್ದಾರೆ."

ಆಗ ನಾವು ದೋಹಾದ ಪಕ್ಕದ ಅಲ್ ವಕ್ರಾಕ್ಕೆ ಬಂದು ವರ್ಷ ತುಂಬಿರಲಿಲ್ಲ. ನನ್ನ ಗಂಡ ಗಣೇಶ ರಾಸ್ ಲಫಾನಿನ ಅನಿಲ ಘಟಕದಲ್ಲಿ ಆಪರೇಟರ್. ಶಿಫ್ಟ್ ಇದ್ದಾಗ ಫೋನೂ ಸಿಗುವುದಿಲ್ಲ. ಶ್ರುತಿ ಫಿಸಿಯೋಥೆರಪಿ ಓದಿದವಳು. ಇಲ್ಲಿನ ಕ್ಲಿನಿಕ್ಕೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸದಾನಂದಣ್ಣ ನಮ್ಮ ಕಾಸರಗೋಡು ಕಡೆಯವರೇ. ದೋಹಾದಲ್ಲಿ ದೊಡ್ಡ ವ್ಯಾಪಾರ, ಊರವರ ಸಂಘದಲ್ಲಿ ಮುಂದಾಳು. ನಮಗೆ ಈ ಫ್ಲ್ಯಾಟ್ ಹುಡುಕಿಕೊಟ್ಟವರು, ಮೊದಲ ವಾರ ಮನೆಯಿಂದ ಸಾರು, ಪಲ್ಯ ಕಳಿಸಿದವರು. ಶ್ರುತಿ ಹೊರಡುವ ಮೊದಲು ಅವರು ಹೆಂಡತಿಯೊಡನೆ ನಮ್ಮ ಮನೆಗೆ ಬಂದಿದ್ದರು. ನಾನು ಶ್ರುತಿಯೊಡನೆ ವೀಡಿಯೋ ಕಾಲಿನಲ್ಲಿದ್ದೆ. ಅವರು ಫೋನಿಗೆ ಮುಖ ಕೊಟ್ಟು, "ತಂಗೀ, ಊರಲ್ಲಿ ನಮ್ಮ ಮನೆಯಿಂದ ಒಂದು ಡಬ್ಬಿ ಕೊಡ್ತಾರೆ, ತಂದುಬಿಡು. ರೋಹಿಣಿಗೆ ಬೆನ್ನುನೋವಿನ ಮದ್ದು, ಮತ್ತೆಂತ ಇಲ್ಲ" ಎಂದಿದ್ದರು. ಪಕ್ಕದಲ್ಲಿ ಕುಳಿತಿದ್ದ ರೋಹಿಣಿಯಕ್ಕ ಸೊಂಟ ನೀವಿಕೊಳ್ಳುತ್ತ ನಕ್ಕಿದ್ದರು. ಊರಿನ ಮೆಡಿಕಲ್ಲಿನಲ್ಲಿ ಚೀಟಿ ತೋರಿಸಿದರೆ ಕೊಡುವ ಮಾತ್ರೆ ಅದು. ಇಲ್ಲಿ ಅದು ಅಮಲು ಪದಾರ್ಥಗಳ ಸಾಲಿನಲ್ಲಿದೆ.

ನಾನು ಮೊದಲು ಫೋನ್ ಮಾಡಿದ್ದೇ ಅವರಿಗೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮರುದಿನ ಅವರೇ ಮಾಡಿದರು. ದನಿಯಲ್ಲಿ ಗಾಬರಿಯೇ ಇಲ್ಲ.

"ಸುಮತೀ, ನೀನು ಹೆದರ್ಬೇಡ. ನಮ್ಮ ವಕೀಲರು ಇದ್ದಾರೆ. ಎಲ್ಲ ಅವರು ನೋಡ್ತಾರೆ. ನೀನು ಮಾತ್ರ ಯಾರತ್ರವೂ ಹೆಚ್ಚು ಮಾತಾಡ್ಲಿಕ್ಕೆ ಹೋಗ್ಬೇಡ, ಆಯ್ತಾ?"

ನನಗೆ ಅಳು ಬಂತು. ಕೃತಜ್ಞತೆಯ ಅಳು. ಈಗ ನೆನೆಸಿಕೊಂಡರೆ ಬಾಯಲ್ಲಿ ಕಹಿ ಬರುತ್ತದೆ.

ನಮ್ಮೂರಲ್ಲಿ ವಕೀಲರೆಂದರೆ ಬಣ್ಣ ಮಾಸಿದ ಕಪ್ಪು ಕೋಟು, ಕೋರ್ಟಿನ ಎದುರಿನ ಹೋಟೆಲಿನಲ್ಲಿ ಚಹಾ, ಸುತ್ತಲೂ ಕಕ್ಷಿದಾರರು. ಇಲ್ಲಿ ಗಾಜಿನ ಗೋಪುರದ ಎಷ್ಟನೆಯದೋ ಮಹಡಿ. ಒಳಗೆ ಊದ್ ಸುಗಂಧದ ಹೊಗೆ, ಮೇಜಿನ ಮೇಲೆ ಖರ್ಜೂರದ ತಟ್ಟೆ. ಇಲ್ಲಿನ ಕೋರ್ಟಿನ ಮಾತೆಲ್ಲ ಅರಬ್ಬಿಯಲ್ಲಿ. ವಾದಿಸುವವರು ಇಲ್ಲಿನ ಪರವಾನಗಿ ಇರುವ ಮುಹಾಮಿಗಳು, ಎಂದರೆ ವಕೀಲರು. ನಮ್ಮಂಥವರ ಜೊತೆ ಮಾತಾಡಲು ಅವರ ಕಚೇರಿಗಳಲ್ಲಿ ನಮ್ಮ ದೇಶದ ಸಲಹೆಗಾರರು ಇರುತ್ತಾರೆ. ಸದಾನಂದಣ್ಣ ಹೇಳಿದ ಮನುಷ್ಯ ಅಂಥ ಸಲಹೆಗಾರ. ಟೈ ಕಟ್ಟಿದ್ದ, ಹಿಂದಿಯಲ್ಲಿ ಮಾತಾಡಿದ.

"ಇದು ಇಂಡಿಯಾ ಅಲ್ಲ ಸಿಸ್ಟರ್. ಇಲ್ಲಿ ವಾದ ಮಾಡಿದರೆ ಕೇಸು ಉದ್ದ ಆಗುತ್ತದೆ. ಮಾತ್ರೆ ನನ್ನದೇ, ಗೊತ್ತಿಲ್ಲದೆ ತಂದೆ ಎಂದು ನಿಮ್ಮ ತಂಗಿ ಬರೆದುಕೊಡಲಿ. ಮೊದಲ ತಪ್ಪು. ವಾಪಸ್ ಕಳಿಸುತ್ತಾರೆ. ಖಲಾಸ್."

"ಮಾತ್ರೆ ಅವಳದ್ದಲ್ಲವಲ್ಲ?"

"ಯಾರದ್ದು ಎನ್ನುವುದು ಮುಖ್ಯ ಅಲ್ಲ. ಯಾರ ಪೆಟ್ಟಿಗೆಯಲ್ಲಿತ್ತು ಎನ್ನುವುದು ಮುಖ್ಯ."

ಆಮೇಲೆ ವಕಾಲದ ಕಾಗದ ಮುಂದಿಟ್ಟ. ವಕಾಲ ಎಂದರೆ ನಮ್ಮ ವಕಾಲತ್ತೇ. ಅಷ್ಟು ದೂರದ ದೇಶದಲ್ಲಿ ಅಜ್ಜನ ಜಾಗದ ತಕರಾರಿನ ಕಾಲದಿಂದ ಕೇಳಿದ್ದ ಶಬ್ದ ಕಿವಿಗೆ ಬಿದ್ದಾಗ ಒಂದು ಕ್ಷಣ ಮನಸ್ಸು ಹಗುರವಾಯಿತು. ಅಷ್ಟರಲ್ಲಿ ಅವನ ಫೋನ್ ಹೊಡೆದುಕೊಂಡಿತು. ನನ್ನೆದುರೇ ಎತ್ತಿ ಮಲಯಾಳದಲ್ಲಿ ಹೇಳಿದ: "ಪೇಡಿಕ್ಕೇಂಡ ಚೇಟ್ಟಾ, ನಿಙ್ಙಳೆ ಪೇರ್ ವರೂಲ." ಹೆದರಬೇಡಿ ಅಣ್ಣಾ, ನಿಮ್ಮ ಹೆಸರು ಬರುವುದಿಲ್ಲ.

ಕನ್ನಡದ ಹೆಂಗಸಿಗೆ ಮಲಯಾಳ ಬಾರದೆಂದು ತಿಳಿದಿದ್ದನೋ ಏನೋ. ಕಾಸರಗೋಡಿನಲ್ಲಿ ಹುಟ್ಟಿದವರಿಗೆ ಅದು ಬಸ್ಸಿನಲ್ಲಿ, ಅಂಗಡಿಯಲ್ಲಿ, ಶಾಲೆಯ ಅಂಗಳದಲ್ಲಿ ಬರುವ ಭಾಷೆ.

"ಆರುಡೆ ಪೇರ್?" ಎಂದು ಕೇಳಿದೆ. ಯಾರ ಹೆಸರು?

ಅವನ ಮುಖ ಬಿಳುಚಿತು. ಆಮೇಲೆ, ನನ್ನಾಣೆ, ಖರ್ಜೂರದ ತಟ್ಟೆಯನ್ನು ನನ್ನ ಕಡೆಗೆ ಸರಿಸಿದ. ಆ ಕೈಯ ಸಲುಗೆಯನ್ನು ನೋಡಿ ಎದ್ದು ಬಂದುಬಿಟ್ಟೆ.

ಮಾರನೆಯ ದಿನ ಶ್ರುತಿಗೆ ಮತ್ತೆ ಫೋನ್ ಮಾಡಲು ಬಿಟ್ಟರು. "ಯಾವುದಕ್ಕೂ ಸೈನ್ ಹಾಕ್ಬೇಡ" ಎಂದೆ.

"ನಿನ್ನೆಯೇ ಒಬ್ರು ಬಂದಿದ್ರು ಅಕ್ಕಾ. ನೀನು ಕಳಿಸಿದ್ದು ಹೇಳಿದ್ರು."

"ಹಾಕಿದ್ಯಾ?"

"ಇಲ್ಲ. ಎಲ್ಲ ಅರಬ್ಬಿಯಲ್ಲಿತ್ತು. ಅಕ್ಕನತ್ರ ಕೇಳಿ ಹಾಕ್ತೇನೆ ಹೇಳಿದೆ. ಅವರಿಗೆ ಸಿಟ್ಟು ಬಂತು."

ಅಂದು ಗಣೇಶ ರಜೆ ಹಾಕಿ ಬಂದರು. ಇಬ್ಬರೂ ಸದಾನಂದಣ್ಣನ ಮನೆಗೆ ಹೋದೆವು. ಅವರು ಸೋಫಾದಲ್ಲಿ ಕಾಲು ಮಡಚಿ ಕುಳಿತಿದ್ದರು.

"ಎಂಥ ಡಬ್ಬಿ?" ಎಂದರು.

"ನಮ್ಮ ಮನೆಯಲ್ಲಿ ಕೂತು ಹೇಳಿದ್ದಲ್ವಾ ಸದಾನಂದಣ್ಣ? ರೋಹಿಣಿಯಕ್ಕನೂ ಇದ್ರಲ್ಲ?" ಎಂದರು ಗಣೇಶ.

"ನೋಡು ಗಣೇಶ, ನನಗೆ ಇಲ್ಲಿ ಮರ್ಯಾದೆ ಉಂಟು. ನೂರು ಜನಕ್ಕೆ ಕೆಲಸ ಕೊಟ್ಟವ ನಾನು. ನಿಮ್ಮ ಹುಡುಗಿ ಎಂತ ತಂದಳೋ ನನಗೆ ಹೇಗೆ ಗೊತ್ತು? ಈಗಿನ ಹುಡುಗಿಯರು ಎಲ್ಲ ಮಾಡ್ತಾರೆ."

ರೋಹಿಣಿಯಕ್ಕ ಜ್ಯೂಸ್ ತಂದಿಟ್ಟರು. ತಲೆ ಎತ್ತಲಿಲ್ಲ. ಈಗಿನ ಹುಡುಗಿಯರು ಎಂಬ ಆ ಮಾತು, ಅದನ್ನು ಹೇಳುವಾಗ ಸದಾನಂದಣ್ಣನ ತುಟಿಯಲ್ಲಿದ್ದ ಸಣ್ಣ ನಗು, ಎರಡನ್ನೂ ಇವತ್ತಿಗೂ ತೊಳೆದುಕೊಳ್ಳಲು ಆಗಿಲ್ಲ.

ಆಮೇಲೆ ನಾನೇ ಹುಡುಕಿದೆ. ವಕ್ರಾದಿಂದ ಮೆಟ್ರೋ ಹತ್ತಿ ದೋಹಾಕ್ಕೆ ಹೋಗುವುದು, ಬೋರ್ಡು ನೋಡಿ ಒಳಗೆ ನುಗ್ಗುವುದು. ಒಂದು ಕಡೆ ಇಂಥ ಕೇಸು ಮುಟ್ಟುವುದೇ ಇಲ್ಲ ಎಂದರು. ಇನ್ನೊಂದು ಕಡೆ ಹೆಸರು ಕೇಳುವ ಮೊದಲೇ, ಬಿಡಿಸಿಕೊಡುತ್ತೇವೆ ಎಂದರು. ಊರಿನಲ್ಲಾಗಿದ್ದರೆ ಮಾವನೋ ಮೇಷ್ಟ್ರೋ ಯಾರೋ ಒಬ್ಬರು ಜೊತೆಗಿರುತ್ತಿದ್ದರು ಎಂದು ಮೆಟ್ರೋದಲ್ಲಿ ಕುಳಿತು ಅಂದುಕೊಳ್ಳುತ್ತಿದ್ದೆ. ಮರುಕ್ಷಣವೇ, ಜೊತೆಗಿದ್ದ ಊರವರೇ ತಾನೆ ಈ ಗತಿ ತಂದದ್ದು ಎಂದು ಸಿಟ್ಟು ಬರುತ್ತಿತ್ತು.

ಕೊನೆಗೆ ಸಿಕ್ಕವರು ಇಲ್ಲಿಯವರೇ ಆದ ಒಬ್ಬ ವಕೀಲೆ. ಕಪ್ಪು ಅಬಾಯದ ನಿಲುವಂಗಿ, ದಪ್ಪ ಕನ್ನಡಕ, ಚಿಕ್ಕ ಕಚೇರಿ. ನಾನು ಹೇಳಿದ್ದನ್ನೆಲ್ಲ ಅರ್ಧದಲ್ಲಿ ತಡೆಯದೆ ಕೇಳಿದರು. ಈ ಊರಿನಲ್ಲಿ ಹಾಗೆ ಕೇಳಿದವರು ಅವರೇ ಮೊದಲು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು: "ಆ ದಿನ ನಿಮ್ಮ ಮನೆಯಲ್ಲಿ ಅವರು ಹೇಳಿದ್ದನ್ನು ಕೇಳಿಸಿಕೊಂಡವರು ಯಾರ್ಯಾರು?"

"ನಾನು. ನನ್ನ ಗಂಡ. ಅವರ ಹೆಂಡತಿ."

"ನೀವಿಬ್ಬರೂ ಹುಡುಗಿಯ ಮನೆಯವರು. ನಿಮ್ಮ ಮಾತಿಗೆ ತೂಕ ಕಡಿಮೆ. ಆ ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆಸಿ ಕೇಳಬೇಕೆಂದು ನಿಯಾಬದಲ್ಲಿ ಕೇಳಿಕೊಳ್ಳುತ್ತೇನೆ." ನಿಯಾಬ ಎಂದರೆ ಆರೋಪ ಹೊರಿಸುವ ಸರ್ಕಾರಿ ಅಭಿಯೋಜಕರ ಕಚೇರಿ.

"ಬಿಡಿಸ್ತೀರಾ ಮೇಡಂ?"

"ಅದನ್ನು ನಾನು ಹೇಳಲಾರೆ. ಹೇಳಿದವರಿಂದ ದೂರ ಇರಿ."

ಅಷ್ಟು ಒಣ ಮಾತಿಗೆ ನನಗೆ ಎಷ್ಟು ಸಮಾಧಾನವಾಯಿತು ಎಂದರೆ ಅಲ್ಲೇ ಬಿಕ್ಕಿ ಅತ್ತೆ. ಅವರು ಸಂತೈಸಲಿಲ್ಲ. ಟಿಶ್ಯೂ ಪೆಟ್ಟಿಗೆ ಮುಂದಿಟ್ಟು, ಶ್ರುತಿಯ ಹೆಸರಿನ ಉಚ್ಚಾರ ಸರಿಯೇ ಎಂದು ಮೂರು ಸಲ ಹೇಳಿ ನೋಡಿದರು. ವಕಾಲಕ್ಕೆ ಶ್ರುತಿ ಸಹಿ ಹಾಕುವ ಮೊದಲು ಅವರೇ ಹೋಗಿ, ದುಭಾಷಿಯ ಮೂಲಕ ಸಾಲು ಸಾಲಾಗಿ ಓದಿಸಿದರಂತೆ.

ಇಬ್ಬರನ್ನೂ ಕರೆಸಿದರು. ಸದಾನಂದಣ್ಣ ಆ ಹುಡುಗಿಯ ಗುರುತೇ ಇಲ್ಲ ಎಂದರು. ರೋಹಿಣಿಯಕ್ಕನನ್ನು ಬೇರೆ ಕೋಣೆಯಲ್ಲಿ ಕೇಳಿದರು. ಅವರು, "ಮಾತ್ರೆ ನನ್ನದು. ತರಿಸಿದ್ದು ನಾವು. ಆ ಹುಡುಗಿಗೆ ಏನೂ ಗೊತ್ತಿಲ್ಲ" ಎಂದರಂತೆ. ಊರಿನ ಡಾಕ್ಟರು ಕೊಟ್ಟ ಚೀಟಿಯೂ ಅವರ ಬ್ಯಾಗಿನಲ್ಲೇ ಇತ್ತು. ಶ್ರುತಿಯನ್ನು ಬಿಟ್ಟರು. ರೋಹಿಣಿಯಕ್ಕನ ಮೇಲೆ ಸ್ವಲ್ಪ ಕಾಲ ವಿಚಾರಣೆ ನಡೆದು, ಕಾಯಿಲೆಯೂ ಚೀಟಿಯೂ ನಿಜವಾದ್ದರಿಂದ ಅದೂ ಮುಗಿಯಿತು. ಎಂದರೆ ಮೊದಲ ದಿನವೇ ಆ ಮನುಷ್ಯ ಒಂದು ಮಾತು ಹೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಒಂದಷ್ಟು ಓಡಾಟ, ಒಂದಿಷ್ಟು ಮುಜುಗರ. ಅಷ್ಟನ್ನು ತಪ್ಪಿಸಿಕೊಳ್ಳಲು ನನ್ನ ತಂಗಿಯನ್ನು ಜೈಲಿನಲ್ಲಿ ಕೊಳೆಯಲು ಬಿಟ್ಟಿದ್ದರು. ಹೇಸಿಗೆ ಎನ್ನುವುದು ಇದಕ್ಕೇ.

ಶ್ರುತಿ ಬಂದಳು, ಸ್ನಾನ ಮಾಡಿದಳು, ಮತ್ತೆ ಸ್ನಾನ ಮಾಡಿದಳು. ಗಂಜಿ ಬೇಕು ಎಂದಳು. ಕ್ಲಿನಿಕ್ಕಿನವರು ಕೆಲಸ ಬೇರೆಯವರಿಗೆ ಕೊಟ್ಟಿದ್ದರು. "ಬೇರೆ ಕಡೆ ನೋಡುವ, ಇಲ್ಲೇ ಇರು" ಎಂದೆ. "ನನಗೆ ಇಲ್ಲಿಯವರ ಮೇಲೆ ಸಿಟ್ಟಿಲ್ಲ ಅಕ್ಕಾ. ಒಳಗೆ ನನ್ನ ಜೊತೆ ಇದ್ದ ಒಬ್ಬಳು ಫಿಲಿಪೀನ್ಸಿನವಳು, ದಿನಾ ತನ್ನ ಹೊದಿಕೆ ಕೊಡ್ತಿದ್ದಳು. ಆದ್ರೆ ಸಂಘದ ಯಾರಾದ್ರೂ ಎದುರು ಸಿಕ್ಕಿದ್ರೆ ನಾನು ಎಂತ ಮಾಡಿಯೇನು ನನಗೇ ಗೊತ್ತಿಲ್ಲ" ಎಂದಳು. ಊರಿಗೆ ಹೋದಳು.

ಸಂಘದವರು ಏನಂದರು ಗೊತ್ತೆ? ಕಾಯಿಲೆಯ ಹೆಂಗಸನ್ನು ಕೋರ್ಟು ಕಚೇರಿ ಅಲೆಸಿದಳು ಈ ಸುಮತಿ, ಎಂದರು. ಸದಾನಂದಣ್ಣ ಈಗಲೂ ವೇದಿಕೆಯಲ್ಲಿ ಮಧ್ಯದ ಕುರ್ಚಿಯಲ್ಲಿ ಕೂರುತ್ತಾರೆ, ನಾಡು ನುಡಿ ಎಂದು ಭಾಷಣ ಮಾಡುತ್ತಾರೆ. ರೋಹಿಣಿಯಕ್ಕ ಯಾವ ಕಾರ್ಯಕ್ರಮಕ್ಕೂ ಬರುವುದಿಲ್ಲವಂತೆ. ಅವರಿಗೆ ಫೋನ್ ಮಾಡಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಎತ್ತುವವರು ಅವರ ಗಂಡನಾದರೆ ಎಂದು ಬಿಟ್ಟಿದ್ದೇನೆ.

"ಸಾಕು, ನಮ್ಮವರ ನಡುವೆ ಬಂದುಬಿಡು" ಎನ್ನುತ್ತಾಳೆ ಅಮ್ಮ. ನಮ್ಮವರು ಎಂಬ ಶಬ್ದ ಕೇಳಿದರೆ ಈಗ ಮೈಮೇಲೆ ಹುಳ ಹರಿದಂತಾಗುತ್ತದೆ. ಹಾಗೆಂದು ಈ ಊರು ನನ್ನದಾಗಿದೆಯೇ ಎಂದರೆ ಅದೂ ಇಲ್ಲ. ಸಂಜೆ ಸಮುದ್ರದ ಬದಿ ನಡೆಯುತ್ತೇನೆ, ಅಲೆಯೇ ಇಲ್ಲದ ನೀರು; ಉಪ್ಪಿನ ವಾಸನೆ ಮಾತ್ರ ನಮ್ಮ ಕಡೆಯದ್ದೇ.

ಕಳೆದ ವಾರ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಹೊಸಬಳೊಬ್ಬಳು ಸಿಕ್ಕಳು. ಕೈಯಲ್ಲಿ ಮಗು, ಕಣ್ಣಲ್ಲಿ ಹೊಸದಾಗಿ ಬಂದವರ ಆ ಕಂಗಾಲು. ನಾನು ಫೋನಿನಲ್ಲಿ ಮಾತಾಡಿದ್ದು ಅವಳಿಗೆ ಕೇಳಿಸಿರಬೇಕು.

"ನೀವು ಕನ್ನಡದವರಾ?" ಎಂದು ಕೇಳಿದಳು, ಮುಖವೆಲ್ಲ ಅರಳಿಸಿ.

"ಅಲ್ಲ" ಎಂದೆ. ಕನ್ನಡದಲ್ಲೇ.

ಅವಳಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ಮಹಡಿ ಬಂತು. ಬಾಗಿಲು ತೆರೆಯಿತು, ಮುಚ್ಚಿತು. ಅವಳನ್ನು ಹಾಗೆ ಬಿಟ್ಟು ನಾನು ಇಳಿಯಲಿಲ್ಲ.