ಪುಡಿ ಹಾಕದ ಹತ್ತೊಂಬತ್ತು ದಿನಗಳು

ಇನ್ನಾಸಪ್ಪನನ್ನು ನಾನು ಮೊದಲು ಕಂಡದ್ದು ಎರಡು ಸಾವಿರದ ಒಂಬತ್ತರ ಜೂನ್ ತಿಂಗಳಲ್ಲಿ, ಅಜ್ಜಂಪುರದ ಆಚೆಗಿನ ಒಂದು ಹಳ್ಳಿಯ ಶಾಲೆಗೆ ನನಗೆ ವರ್ಗವಾದ ದಿನ. ಬಸ್ಸಿಳಿದು, ಶಾಲೆಯ ದಾರಿ ಯಾವುದೆಂದು ನೋಡುತ್ತ ನಿಂತಿದ್ದೆ. ಊರ ಮುಂದಿನ ನೀರಿನ ಟ್ಯಾಂಕಿನ ಏಣಿಯಿಂದ ಸುಮಾರು ನಲವತ್ತು ವಯಸ್ಸಿನ ಒಬ್ಬನು ಇಳಿದು ಬಂದನು. ಅವನ ಕೈಗಳು ಮೊಣಕೈಯವರೆಗೆ ಬೆಳ್ಳಗಿದ್ದವು.

"ಹೊಸ ಮೇಷ್ಟ್ರಾ? ಬನ್ನಿ ಬನ್ನಿ. ನಿಮ್ದೂ ನಂದೂ ಒಂದೇ ಬಣ್ಣದ ಕೈ. ನಿಮ್ದು ಸೀಮೆಸುಣ್ಣ, ನಂದು ಬ್ಲೀಚಿಂಗ್ ಪೌಡ್ರು," ಎಂದು ನಕ್ಕು, ನನ್ನ ಟ್ರಂಕನ್ನು ಕೇಳದೆಯೇ ಹೆಗಲಿಗೇರಿಸಿಕೊಂಡನು.

ಅವನು ಆ ಊರಿನ ನೀರುಗಂಟಿ. ಮೋಟಾರು ಹಾಕುವುದು, ಕೇರಿಕೇರಿಗೆ ನೀರು ಬಿಡುವುದು, ದಿನಾ ಬೆಳಿಗ್ಗೆ ಟ್ಯಾಂಕಿಗೆ ಪುಡಿ ಹಾಕಿ ಪಂಪ್‌ಹೌಸಿನ ಪುಸ್ತಕದಲ್ಲಿ ಗುರುತು ಮಾಡುವುದು ಅವನ ಕೆಲಸ. ಊರಿಗೆಲ್ಲ ಅವನದೊಂದೇ ಕ್ರೈಸ್ತರ ಮನೆ. ಅವನ ತಂದೆ ಗಾರೆ ಕೆಲಸಕ್ಕೆಂದು ತರೀಕೆರೆಯಿಂದ ಬಂದು ಅಲ್ಲಿಯೇ ನಿಂತವರು. ಕಡೂರಿನ ಚರ್ಚಿಗೆ ಅವನು ಹೋಗುತ್ತಿದ್ದುದು ವರ್ಷಕ್ಕೆ ಎರಡು ಸಲ. ನಾನೂ ಅದೇ ಚರ್ಚಿನವನಾದ್ದರಿಂದ ಒಮ್ಮೆ ಕೇಳಿದೆ, ಫಾದರ್ ಮುಂದೆ ಪಾಪನಿವೇದನೆ ಮಾಡಿ ಎಷ್ಟು ವರ್ಷವಾಯಿತೆಂದು.

"ಪಾಪ ಮಾಡಕ್ಕೇ ಪುರುಸೊತ್ತಿಲ್ಲ ಮೇಷ್ಟ್ರೇ, ಇನ್ನು ನಿವೇದನೆ ಎಲ್ಲಿಂದ ಬಂತು?" ಎಂದನು. ಇಬ್ಬರೂ ನಕ್ಕೆವು.

ಆ ಊರಿನವರಿಗೆ ಪುಡಿಯ ವಾಸನೆ ಹಿಡಿಸುತ್ತಿರಲಿಲ್ಲ. ಮದುವೆಯಾಗಲಿ, ತಿಥಿಯಾಗಲಿ, ಆ ಮನೆಯ ಯಜಮಾನನು ಮೊದಲು ನೀರುಗಂಟಿಗೆ ಎಲೆ ಅಡಿಕೆ ಕೊಟ್ಟು, ಎರಡು ಮೂರು ದಿನ ಪುಡಿ ಹಾಕಬೇಡವೆಂದು ಹೇಳಿ ಬರುವುದು ವಾಡಿಕೆಯಾಗಿಬಿಟ್ಟಿತ್ತು. ಅದು ತಪ್ಪೆಂದು ಯಾರಿಗೂ ತೋರಿರಲಿಲ್ಲ.

ಎರಡು ಸಾವಿರದ ಹದಿನೇಳರ ಮೇ ಕೊನೆಯಲ್ಲಿ ದೇವರಾಜನ ತಮ್ಮನ ಮದುವೆ. ದೇವರಾಜನೆಂದರೆ ಊರಿನಲ್ಲಿ ಅನುಕೂಲಸ್ಥ, ಮಾತಿಗೆ ಬೆಲೆಯುಳ್ಳವನು. ಅವನು ಪಂಪ್‌ಹೌಸಿಗೆ ಬಂದಾಗ ನಾನು ಅಲ್ಲಿಯೇ ಕುಳಿತು ಪತ್ರಿಕೆ ಓದುತ್ತಿದ್ದೆ.

"ಲೇ ಇನ್ನಾಸಿ, ಬೀಗ್ರು ಯಗಟಿಯೋರು ಕಣೋ. ಕಾಫಿ ಕುಡ್ದು, ಇದೇನು ಆಸ್ಪತ್ರೆ ವಾಸ್ನೆ ಅಂದ್ಬಿಟ್ರೆ ನನ್ನ ಮರ್ಯಾದೆ ಏನಾಗ್ಬೇಕು? ಮೂರು ದಿನ ನಿಲ್ಸು."

"ಆಯ್ತು ಬಿಡಣ್ಣ. ಪಾಯಸಕ್ಕೆ ಮಾತ್ರ ನನ್ನ ಮರೀಬ್ಯಾಡ."

ಮದುವೆ ಮುಗಿಯಿತು. ನೀರು ಬಹಳ ಚೆನ್ನಾಗಿದೆಯೆಂದು ಊರವರು ಹೇಳಿದರು. ಹಾಗೆ ಹೇಳಿದವರಲ್ಲಿ ನಾನೂ ಒಬ್ಬ. ಇನ್ನಾಸಪ್ಪನಿಗೆ ಮಂಡಿನೋವು, ಏಣಿ ಹತ್ತುವುದು ಕಷ್ಟ. ಇನ್ನೊಂದು ದಿನ ಹೋಗಲಿ, ಇನ್ನೊಂದು ದಿನ ಹೋಗಲಿ ಎಂದು ಬಿಟ್ಟನು. ಪುಸ್ತಕದಲ್ಲಿ ಮಾತ್ರ ಗುರುತು ತಪ್ಪಲಿಲ್ಲ.

ಜೂನ್ ನಡುವಿನ ಮಳೆಗೆ ಕೆಳಗಿನ ಕೇರಿಯ ಚರಂಡಿಯ ಪಕ್ಕ ಪೈಪಿನ ಜಾಯಿಂಟು ಬಿಟ್ಟುಕೊಂಡು ಕೊಳೆನೀರು ಒಳಗೆ ಸೇರಿತು. ಮೂರು ದಿನಗಳಲ್ಲಿ ನಲವತ್ತು ಮಂದಿಗೆ ವಾಂತಿಭೇದಿ. ನಮ್ಮ ಶಾಲೆಯ ಕೊಠಡಿಗಳಲ್ಲಿ ಚಾಪೆ ಹಾಸಿ ಮಲಗಿಸಿದೆವು. ಒಬ್ಬ ಮುದುಕಿ ತೀರಿಕೊಂಡರು. ಮರುದಿನ ಬೆಳಿಗ್ಗೆ ದೇವರಾಜನ ಮಗಳು ವಿದ್ಯಾಶ್ರೀ ಹೋದಳು. ಮೂರನೆಯ ತರಗತಿಗೆ ಸೇರಿ ಎರಡು ವಾರವಾಗಿತ್ತು. ಹೊಸ ಪುಸ್ತಕಗಳಿಗೆ ಇನ್ನೂ ರಟ್ಟು ಹಾಕಿರಲಿಲ್ಲ.

ವಿಚಾರಣೆಗೆ ಬಂದವರು ಪಂಪ್‌ಹೌಸಿನ ಪುಸ್ತಕವನ್ನು ನೋಡಿದರು. ಪುಡಿ ದಿನವೂ ಬಿದ್ದಿದೆ. ಹಾಗಾದರೆ ದೋಷ ಪೈಪಿನದು, ಅದನ್ನು ಕೂಡಿಸಿದ ಪಂಚಾಯಿತಿಯ ಪ್ಲಂಬರ್ ರವಿಕುಮಾರನದು.

"ಪುಡಿ ಹಾಕಿದ್ರೆ ಇಷ್ಟು ಜನ ಮಲಗ್ತಿದ್ರಾ? ಹೇಳು ಇನ್ನಾಸಣ್ಣ, ಹಾಕಿದ್ಯಾ?" ಎಂದು ರವಿಕುಮಾರನು ಎಲ್ಲರೆದುರು ಕೂಗಿದನು.

ಇನ್ನಾಸಪ್ಪ ನೆಲ ನೋಡುತ್ತ, "ಹಾಕಿದ್ದೀನಿ," ಎಂದನು.

ರವಿಕುಮಾರನ ಕೆಲಸ ಹೋಯಿತು. ಅವನು ಹೆಂಡತಿ, ಕೂಸನ್ನು ಕರೆದುಕೊಂಡು ಊರು ಬಿಟ್ಟನು.

ಆಮೇಲೆ ಇನ್ನಾಸಪ್ಪ ನಗುವುದನ್ನು ಬಿಟ್ಟನು. ಕಣ್ಣು ಉರಿಯುವಷ್ಟು ಪುಡಿ ಸುರಿಯುತ್ತಿದ್ದನು. ಹೆಂಗಸರು ಬೈದರೂ ಕೇಳುತ್ತಿರಲಿಲ್ಲ. ಶುಕ್ರವಾರಗಳಲ್ಲಿ ಉಪವಾಸ ಮಾಡಿದನು, ಬರಿಗಾಲಿನಲ್ಲಿ ಯಾತ್ರೆ ಹೋದನು. ಅವನು ಹೇಳದಿದ್ದರೂ, ಪುಡಿ ಬಿದ್ದಿರಲಿಲ್ಲವೆಂದು ಊರಿನ ಕೆಲವರು ಊಹಿಸಿದ್ದರು. ಸಮಾಧಾನವನ್ನೂ ಹೇಳುತ್ತಿದ್ದರು.

ನಾನು ನಿವೃತ್ತನಾಗಿ ಕಡೂರಿನಲ್ಲಿ ನೆಲೆಸಿದ ಮೇಲೆ, ಹೋದ ವರ್ಷವಲ್ಲ ಅದರ ಹಿಂದಿನ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ, ಅವನು ಮನೆಗೆ ಬಂದು ಎಲ್ಲವನ್ನೂ ಹೇಳಿದನು.

"ಪುಡಿ ಬ್ಯಾಡ ಅಂತ ನಾವೆಲ್ರೂ ಹೇಳ್ತಿದ್ವಲ್ಲೋ, ನಿಂದೊಬ್ಬಂದೇ ತಪ್ಪಾ, ಬಿಡು ಅಂತಾರೆ ಊರೋರು. ತಪ್ಪೇ ಇಲ್ಲ ಅಂದ್ಮೇಲೆ ನಂಗೆ ಕ್ಷಮೆ ಯಾರು ಕೊಡ್ತಾರೆ ಮೇಷ್ಟ್ರೇ? ದೇವರಾಜಣ್ಣನ ಹತ್ರ ಹೇಳಾನ ಅಂದ್ರೆ, ನಿಲ್ಸು ಅಂದೋನು ಅವ್ನೇ. ಮಗು ಕಳ್ಕಂಡೋನ ಎದೆ ಮೇಲೆ ಇನ್ನೊಂದು ಕಲ್ಲು ಇಡ್ಲಾ?"

ನಾನು ಅವನನ್ನು ಚರ್ಚಿಗೆ ಕರೆದುಕೊಂಡು ಹೋದೆ. ಪಾಪನಿವೇದನೆಯ ಸಾಲಿನಿಂದ ಎರಡು ಸಲ ಹೊರಗೆ ಬಂದನು. ಮೂರನೆಯ ಸಲ ಮೊಣಕಾಲೂರಿದನು. ಬಹಳ ಹೊತ್ತಿನ ಮೇಲೆ ಎದ್ದು ಬಂದು ನನ್ನ ಪಕ್ಕ ಕುಳಿತನು.

"ನಾನೇ ತೊಳ್ಕಂತೀನಿ ಅಂತ ಇಷ್ಟು ವರ್ಷ ಉಜ್ಜಿದ್ದೇ ಉಜ್ಜಿದ್ದು. ನನ್ನ ಕೈಲಾಗಲ್ಲ ಅಂತ ಇವತ್ತು ಒಪ್ಕಂಡೆ. ಅದು ಯೇಸುಸ್ವಾಮಿ ಕೈಲಾಗೋ ಕೆಲ್ಸ. ದೇವರಾಜಣ್ಣನ ಮನೆಗೆ ಹೋಗ್ಬೇಕು. ನೀವೂ ಬನ್ನಿ," ಎಂದನು.

ಮರುದಿನ ಹೋದೆವು. ದೇವರಾಜನು ಜಗಲಿಯಲ್ಲಿದ್ದನು; ಅವನ ಹೆಂಡತಿ ಶಂಕರಮ್ಮ ಪಕ್ಕದಲ್ಲಿ ಮೊರದಲ್ಲಿ ರಾಗಿ ಕೇರುತ್ತಿದ್ದರು. ಇನ್ನಾಸಪ್ಪ ಕುಳಿತುಕೊಳ್ಳಲಿಲ್ಲ.

"ನೀನು ಹೇಳಿದ್ದು ಮೂರು ದಿನ ದೇವರಾಜಣ್ಣ. ನಾನು ಪುಡಿ ಬಿಟ್ಟಿದ್ದು ಹತ್ತೊಂಬತ್ತು ದಿನ. ಮಗು ಕಾಯಿಲೆ ಬಿದ್ದ ದಿನಾನೂ ಹಾಕಿರ್ಲಿಲ್ಲ. ಪುಸ್ತಕದಲ್ಲಿ ಇರೋದು ಸುಳ್ಳು. ನಿಂದಲ್ಲ, ನಂದು."

ದೇವರಾಜನು ಜಗಲಿಯಿಂದ ಎದ್ದು ನಿಂತನು.

"ಆ ಮೂರು ದಿನದಲ್ಲೇ ನೀರು ಕೆಡ್ತು ಅಂದ್ಕಂಡಿದ್ದೆ ಕಣೋ," ಎಂದನು. "ನನ್ನ ಬಾಯಾರೆ ಹೇಳಿ ನನ್ನ ಮಗೀನ ಕೊಂದೆ ಅಂತ. ಇವಳಿಗೂ ಹೇಳಿಲ್ಲ."

ಮೊರ ನಿಂತುಹೋಯಿತು. ಶಂಕರಮ್ಮ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು.

"ಏಳು ವರ್ಷ. ಇಬ್ರೂ ನನ್ನ ಮುಂದೇನೇ ಓಡಾಡ್ಕಂಡಿದ್ರಲ್ಲ," ಎಂದು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

"ಹೋಗೋ ಇನ್ನಾಸಿ," ಎಂದನು ದೇವರಾಜ. "ಇನ್ನು ಈ ಕಡೆ ಬರ್ಬ್ಯಾಡ."

ಇನ್ನಾಸಪ್ಪ ಪಂಚಾಯಿತಿಗೆ ಹೋಗಿ ಹೇಳಿಕೆ ಬರೆದುಕೊಟ್ಟನು. ಕೆಲಸ ಹೋಯಿತು. ಈಗ ತನ್ನ ಮೇಲೆ ಹೂಡಿದ ಪ್ರಕರಣಕ್ಕಾಗಿ ತರೀಕೆರೆಯ ಕೋರ್ಟಿಗೆ ಅಲೆಯುತ್ತಿದ್ದಾನೆ. ಹೇಳಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳೆಂದು ವಕೀಲರು ಹೇಳಿದರೂ ಒಪ್ಪಲಿಲ್ಲ. ಕಡೂರಿನಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿರುವ ರವಿಕುಮಾರನನ್ನೂ ಹುಡುಕಿಕೊಂಡು ಹೋಗಿ ಕಾಲು ಹಿಡಿದನು. ರವಿಕುಮಾರನು ಬಿಡಿಸಿಕೊಂಡು, "ತಡ ಆಯ್ತು ಇನ್ನಾಸಣ್ಣ," ಎಂದಷ್ಟೇ ಹೇಳಿದನಂತೆ.

ದೇವರು ಅವನನ್ನು ಕ್ಷಮಿಸಿದ್ದಾನೆಂದು ನಾನು ನಂಬಿದ್ದೇನೆ, ಅವನೂ ನಂಬಿದ್ದಾನೆ. ಆದರೆ ಶಂಕರಮ್ಮನವರ ಬಾಗಿಲು ಇಂದಿಗೂ ತೆರೆದಿಲ್ಲ. ತೆರೆಯಿರಿ ಎಂದು ಕೇಳುವ ಹಕ್ಕು ನಮಗಿಬ್ಬರಿಗೂ ಇಲ್ಲ.

ಈಗ ಅವನು ಕಡೂರು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಾನೆ. ಶನಿವಾರ ಮಧ್ಯಾಹ್ನ ಚರ್ಚು ಗುಡಿಸಿ, ಬಾಗಿಲ ಬಳಿಯ ಪವಿತ್ರ ಜಲದ ಬಟ್ಟಲನ್ನು ತಿಕ್ಕುತ್ತಾನೆ. ಫಾದರ್ ಮಂತ್ರಿಸುವ ನೀರನ್ನು ಅವನೇ ತರಬೇಕು. ಅದನ್ನು ಮೊದಲು ಹಿಂದಿನ ಅಡುಗೆಮನೆಯಲ್ಲಿ ಕುದಿಸುತ್ತಾನೆ.

"ಹಣೆಗೆ ಹಚ್ಚಿಕೊಳ್ಳೋ ನೀರು ಕಣಯ್ಯಾ, ಯಾರು ಕುಡೀತಾರೆ?" ಎಂದು ಫಾದರ್ ಒಮ್ಮೆ ತಮಾಷೆ ಮಾಡಿದರು.

"ಮಕ್ಳು ಬೆರಳದ್ದಿ ಬಾಯಿಗಿಟ್ಕಂತಾವೆ ಫಾದರ್," ಎಂದು ಅವನು ಒಲೆಯ ಉರಿಯನ್ನು ಇನ್ನಷ್ಟು ದೊಡ್ಡದು ಮಾಡಿದನು.