ಮೋಟಾರು ಮೊದಲೇ ದಡ ಹತ್ತಿತ್ತು

ಹೊಳೆ ನಡುವಿನ ದಿಬ್ಬದ ಮೇಲೆ ಟೆಂಟು ಹಾಕಲು ನಾನು ಒಪ್ಪಿದ್ದು ಒಬ್ಬನ ಮಾತಿನ ಮೇಲೆ. ಹಾಸನದ ಕಾಲೇಜಿನಲ್ಲಿ ಮೂರು ವರ್ಷ ನನ್ನ ಪಕ್ಕದಲ್ಲಿ ಕೂತವನು ಅವನು. ಓದು ಮುಗಿದ ಮೇಲೆ ನಾನು ಅದೇ ಊರಿನಲ್ಲಿ ಕಾಲೇಜು ಮೇಷ್ಟ್ರಾದೆ. ಅವನು ಹೊಳೆನರಸೀಪುರದ ಕಡೆ ತನ್ನೂರಿಗೆ ಹಿಂತಿರುಗಿ ಜಮೀನು ನೋಡಿಕೊಂಡ. ಹೇಮಾವತಿಯ ದಡಕ್ಕೆ ತಾಗಿದಂತೆ ಅವನ ತೆಂಗು, ಅದರಾಚೆ ಗದ್ದೆ. ಇಪ್ಪತ್ತು ವರ್ಷದಲ್ಲಿ ನಾವು ಒಬ್ಬರ ಮನೆಯಲ್ಲೊಬ್ಬರು ಉಣ್ಣದ ಹಬ್ಬ ಕಡಿಮೆ. ನನ್ನ ಹೆಂಡತಿಗೆ ಅವನು ಅಣ್ಣ. ಅವನಿಗೆ ಅವಳು ತಂಗ್ಯವ್ವ.

ಟೆಂಟು ಆನ್‌ಲೈನಿನಲ್ಲಿ ತರಿಸಿದ್ದು. ಎರಡು ವರ್ಷ ಅಟ್ಟದ ಮೇಲೆ ಬಿದ್ದಿತ್ತು. ಕಳೆದ ದಸರಾ ರಜೆಯಲ್ಲಿ ಮಗಳು ಅಜ್ಜಿ ಮನೆಗೆ ಹೋದಾಗ ಅದನ್ನು ಕೆಳಗಿಳಿಸಿದೆ. ಎಲ್ಲಿ ಹಾಕುವುದು ಎನ್ನುವುದೇ ಒಂದು ವಾರದ ಚರ್ಚೆ. ಹೆಂಡತಿಗೆ ಚನ್ನರಾಯಪಟ್ಟಣದ ದಂಡಿಗನಹಳ್ಳಿ ಕಡೆ ಒಂದು ಕೆರೆ ಏರಿಯ ಮೇಲೆ ಮನಸ್ಸಿತ್ತು. ಅವಳ ದೊಡ್ಡಮ್ಮನ ಮನೆ ಹತ್ತಿರ, ಏನಾದರೂ ಆದರೆ ಓಡಿಹೋಗಬಹುದು ಎಂಬ ಲೆಕ್ಕ. ನನಗೆ ರಾಮನಾಥಪುರದ ಆಸೆ. ಕಾವೇರಿ, ದೇವಸ್ಥಾನ, ಸಂಜೆಯ ಗಾಳಿ. ಫೋನು ಸ್ಪೀಕರಿನಲ್ಲಿಟ್ಟು ಇಬ್ಬರೂ ಅವನ ಮುಂದೆ ಹೇಳಿದೆವು.

"ಕೆರೆ ಏರಿ ಮ್ಯಾಲೆ ಟೆಂಟ್ ಆಕುದ್ರೆ ಸರ್ಕಸ್ ಬಂದೈತೆ ಅಂತ ಊರೋರೆಲ್ಲ ನೋಡಕ್ಕೆ ಬತ್ತಾರೆ ಕಣ್ಲಾ" ಎಂದ.

"ಬರ್ಲಿ ಬಿಡಿ ಅಣ್ಣ, ಜೋಕರ್ ನೀವಿದ್ದೀರಲ್ಲ" ಅಂದಳು ಇವಳು.

"ಆಯ್ತು ತಂಗ್ಯವ್ವ, ನಾನೇ ಜೋಕರ್. ರಾಮನಾಥಪುರಕ್ಕೆ ಓದ್ರೆ ಏನು? ಹೊಗೆಸೊಪ್ಪಿನ ಹರಾಜು ಶುರುವಾಗೈತೆ. ಲಾರಿ ಹಾರನ್ ಕೇಳ್ಕಂಡು ಮಲಗಿ ಇಬ್ರೂವೆ. ಮೂರು ವರ್ಸದಿಂದ ನಮ್ ಒಳೆ ದಿಬ್ಬಕ್ಕೆ ಬನ್ರೋ ಅಂತ ಕರೀತಾ ಇವ್ನಿ. ನಿಮ್ ಕಣ್ಣಿಗೆ ನಮ್ಮೂರೊಂದು ಕಾಣಕಿಲ್ಲ."

ಆ ಮಾತಿನಲ್ಲಿ ನಿಜವಿತ್ತು. ಪ್ರತಿ ವರ್ಷವೂ ಏನೋ ನೆಪ ಹೇಳಿ ತಪ್ಪಿಸಿಕೊಂಡಿದ್ದೆವು. ಅವನು ಫೋಟೋ ಕಳಿಸಿದ. ಹೊಳೆಯ ಎರಡು ಕವಲುಗಳ ನಡುವೆ ಮರಳಿನ ದಿಬ್ಬ, ಅದರ ಮೇಲೆ ಹುಲ್ಲು, ಎರಡು ಹೊಂಗೆ ಮರ. ದಡದಿಂದ ದಿಬ್ಬಕ್ಕೆ ಇಪ್ಪತ್ತು ಹೆಜ್ಜೆ. ಕವಲಿನಲ್ಲಿ ಪಾದ ಮುಳುಗುವಷ್ಟು ನೀರು, ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು.

ಹೆಂಡತಿಗೆ ಈಜು ಬರುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲು ಜಾರಿ ಮುಳುಗಿದ್ದಳು. ಅರ್ಚಕರ ಹೆಂಡತಿ ಜಡೆ ಹಿಡಿದು ಎಳೆದರಂತೆ. ಅಂದಿನಿಂದ ಯಾವ ಕ್ಷೇತ್ರಕ್ಕೆ ಹೋದರೂ ನೀರಿಗಿಳಿಯುವುದಿಲ್ಲ. ನಾನು ಚೊಂಬಿನಲ್ಲಿ ನೀರು ತಂದು ಅವಳ ಪಾದಕ್ಕೆ ಹಾಕಬೇಕು. ಇದೆಲ್ಲ ಅವನಿಗೂ ಗೊತ್ತು. ಆ ಕಥೆ ಹೇಳಿ ಅವಳನ್ನು ಎಷ್ಟು ಸಲ ರೇಗಿಸಿದ್ದನೋ.

ಫೋಟೋ ನೋಡಿ ಅವಳು ಮೆತ್ತಗಾದಳು. ಆದರೂ ನನಗೆ ಹೇಳಿದಳು: "ನಾನು ಬರ್ತೀನಿ. ಆದ್ರೆ ಡ್ಯಾಮಿಂದ ನೀರು ಬಿಡಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಅದೊಂದು ನಿಮ್ಮ ಜವಾಬ್ದಾರಿ."

ಹೊರಡುವ ದಿನ, ಶನಿವಾರ ಬೆಳಗ್ಗೆ ಅವನಿಗೆ ಫೋನು ಮಾಡಿದೆ. "ನೀರು ಬಿಡಲ್ಲ ತಾನೇ?"

ಅವನು ನಕ್ಕ. "ಬಿಸ್ಲು ಎಂಗ್ ಕಾಯ್ತಾ ಐತೆ ನೋಡ್ಲಾ. ನೀರು ಬುಟ್ರೆ ನಂಗೆ ಗೊತ್ತಾಗಕಿಲ್ವ? ಒಳೆ ಮಗ್ಗುಲಲ್ಲೇ ಉಟ್ಟಿ ಬೆಳ್ದೋನು ಕಣ್ಲಾ ನಾನು."

ಹೆಂಡತಿಗೆ ಹೇಳಿದೆ: "ಬಿಡಲ್ವಂತೆ."

ಈಗ ಕೂತು ಯೋಚಿಸಿದರೆ, ಬಿಡುವುದಿಲ್ಲ ಎಂದು ಅವನು ಹೇಳಿರಲೇ ಇಲ್ಲ. ಅವನು ನನ್ನನ್ನೇ ಒಂದು ಪ್ರಶ್ನೆ ಕೇಳಿದ್ದ. ಅದನ್ನು ಉತ್ತರವೆಂದು ಮಾಡಿಕೊಂಡು ಅವಳಿಗೆ ತಲುಪಿಸಿದವನು ನಾನು.

ಮಧ್ಯಾಹ್ನ ಮೂರಕ್ಕೆ ದಿಬ್ಬದ ಮೇಲಿದ್ದೆವು. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು, ನನ್ನ ಹೆಗಲು ಹಿಡಿದು ಅವಳು ದಾಟಿದಳು. ದಾಟಿದ ಮೇಲೆ ಅವಳ ಮುಖದಲ್ಲಿ ಕಂಡ ಹೆಮ್ಮೆಯನ್ನು ನಾನು ಮರೆತಿಲ್ಲ. ಟೆಂಟು ಕಟ್ಟಲು ನಮ್ಮಿಬ್ಬರಿಗೂ ಬಾರದೆ ಅವನೇ ಬಂದು ಕಟ್ಟಿದ. "ಮೇಷ್ಟ್ರು ಗೂಟ ಒಡ್ಯೋದ್ ನೋಡಿ ತಂಗ್ಯವ್ವ, ಬೋರ್ಡ್ ಮ್ಯಾಲೆ ಬರ್ದಂಗೆ ಒಡೀತಾವ್ನೆ" ಎಂದು ನಕ್ಕ. ತನಗೆ ಮಲಗಲು ಮರದ ಕೆಳಗೆ ಟಾರ್ಪಾಲು ಹಾಸಿಕೊಂಡ. ಮೂರು ಕಲ್ಲು ಹೂಡಿ ಅನ್ನ, ಅವರೆಕಾಳಿನ ಸಾರು ಮಾಡಿದೆವು. ನೀರಿನಂಚಿನ ಚಪ್ಪಟೆ ಕಲ್ಲಿನ ಮೇಲೆ ಕೂತು ಹೆಂಡತಿ ತಟ್ಟೆ ತೊಳೆದಳು. ಎಷ್ಟೋ ವರ್ಷದ ಮೇಲೆ ಅವಳು ಹೊಳೆಯ ನೀರಿಗೆ ತಾನಾಗಿ ಕೈ ಇಟ್ಟಿದ್ದು ಅದೇ ಮೊದಲು.

ಕತ್ತಲಾಗುವ ಮುಂಚೆ ಅವನು ಹೊಂಗೆಯ ಒಂದು ಕಡ್ಡಿ ಮುರಿದು ನೀರು ಮುಗಿಯುವ ಕಡೆ ಮರಳಿಗೆ ನೆಟ್ಟ.

"ಏನೋ ಅದು?" ಎಂದೆ.

"ನಿನ್ ಎಂಡ್ರು ಕೇಳುದ್ರೆ ತೋರ್ಸಕ್ಕೆ ಕಣ್ಲಾ. ನೀರು ಅಲ್ಲಾಡಿಲ್ಲ ಅಂತ."

ನಾನು ನಕ್ಕುಬಿಟ್ಟೆ. ಮಲಗುವ ಮುಂಚೆ ಅವನು ಎರಡು ಸಲ ಟಾರ್ಚು ಹಿಡಿದು ಅತ್ತ ಹೋಗಿಬಂದ. ಹೊಳೆ ಮಗ್ಗುಲಲ್ಲಿ ಹುಟ್ಟಿದವನ ಅಭ್ಯಾಸವಿರಬೇಕು ಎಂದುಕೊಂಡು ಮಲಗಿದೆ. ಚೆನ್ನಾಗಿ ನಿದ್ದೆ ಬಂತು.

ಬೆಳಗ್ಗೆ ಆರು ಗಂಟೆ ಇರಬೇಕು. ಹೆಂಡತಿ ಬ್ರಷ್ ಹಿಡಿದು ಹೊರಗೆ ಹೋದವಳು ಕರೆದಳು. ಧ್ವನಿಯಲ್ಲಿ ಗಾಬರಿ ಇರಲಿಲ್ಲ, ಏನನ್ನೋ ಎಲ್ಲಿಟ್ಟೆ ಎಂದು ಹುಡುಕುವವರ ಧ್ವನಿ.

"ರೀ, ನಿನ್ನೆ ತಟ್ಟೆ ತೊಳೆದ ಕಲ್ಲು ಎಲ್ಲಿ?"

ಟೆಂಟಿನಿಂದ ಹೊರಗೆ ಬಂದೆ. ಆಕಾಶ ಶುಭ್ರವಾಗಿತ್ತು. ಹೊಳೆಯಲ್ಲಿ ಸದ್ದಿರಲಿಲ್ಲ. ನೀರು ಹೆಚ್ಚಿದರೆ ಭೋರ್ಗರೆಯುತ್ತದೆ ಎಂದು ನಾನು ತಿಳಿದಿದ್ದೆ. ನಿನ್ನೆ ಕಲ್ಲು ಕಲ್ಲಿಗೆ ತಾಗಿ ಗುಳುಗುಳು ಎನ್ನುತ್ತಿದ್ದ ಕವಲು ಈಗ ಕಲ್ಲುಗಳನ್ನೆಲ್ಲ ನುಂಗಿ ಮೌನವಾಗಿತ್ತು. ಕೆಮ್ಮಣ್ಣಿನ ಬಣ್ಣ. ನೊರೆ, ಕಸಕಡ್ಡಿ, ಒಂದು ತೆಂಗಿನ ಗರಿ ವೇಗವಾಗಿ ಹೋಗುತ್ತಿದ್ದವು.

ಅವನು ಟಾರ್ಪಾಲಿನಿಂದ ಎದ್ದವನೇ ಕಡ್ಡಿ ನೆಟ್ಟ ಕಡೆಗೆ ಓಡಿದ. ಕಡ್ಡಿ ಇರಲಿಲ್ಲ. ಅವನು ತಿರುಗಿದಾಗ ಆ ಮುಖವನ್ನು ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ ನೋಡುತ್ತಿದ್ದೇನೆ ಅನ್ನಿಸಿತು.

"ಸಾಮಾನೆಲ್ಲ ಬುಡ್ಲಾ. ಈಗ್ಲೇ ದಾಟ್ಬೇಕು. ತಂಗ್ಯವ್ವ, ಸೀರೆ ಎತ್ತಿ ಕಟ್ಕಳಿ."

"ನಾನು ಬರಲ್ಲ" ಅಂದಳು. ಟೆಂಟಿನ ಹಗ್ಗವನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದಳು. "ಇಲ್ಲೇ ಇರೋಣ. ಇಳಿಯುತ್ತೆ. ನೀರು ಇಳಿಯುತ್ತೆ."

"ಇಳ್ಯಕಿಲ್ಲ ಕಣವ್ವ. ಇನ್ನೂ ಬತ್ತೈತೆ."

ಇನ್ನೂ ಬರುತ್ತದೆ ಎಂದು ಇವನಿಗೆ ಹೇಗೆ ಗೊತ್ತು? ಆಗ ಅದನ್ನು ಕೇಳಲು ನನಗೆ ಹೊಳೆಯಲಿಲ್ಲ.

ಅವನು ಹರಿವಿನ ಮೇಲ್ಗಡೆ, ಹೆಂಡತಿ ನಡುವೆ, ನಾನು ಕೆಳಗಡೆ ಕೈ ಹಿಡಿದು ಇಳಿದೆವು. ನಾಲ್ಕು ಹೆಜ್ಜೆಗೆ ಮಂಡಿ, ಏಳೆಂಟಕ್ಕೆ ಸೊಂಟ. ದಡದ ಮೇಲೆ ಒಬ್ಬ ಮುದುಕ ಕಾಣಿಸಿದ. ಹೊಳೆ ನೋಡಲು ಬಂದವನು ನಮ್ಮನ್ನು ಕಂಡು ಕೂಗುತ್ತಾ ಹಿಂದಕ್ಕೆ ಓಡಿದ. ಅಷ್ಟರಲ್ಲಿ ಹೆಂಡತಿಯ ಕಾಲು ನೆಲ ಬಿಟ್ಟಿತು. ಅವಳ ಇಡೀ ಭಾರ ನನ್ನ ಕೈಗೆ ಬಂತು, ಮರುಕ್ಷಣ ಆ ಕೈ ಖಾಲಿಯಾಯಿತು.

ನಾನು ಬಿಟ್ಟೆನೋ, ಜಾರಿತೋ? ಕಾಲೇಜಿನಲ್ಲಿ ಹಾಜರಿ ಕೂಗುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಈಗಲೂ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಅವಳ ಬಳೆ ನನ್ನ ಬೆರಳುಗಳ ಮೇಲೆ ಉಜ್ಜಿ ಹೋದದ್ದಷ್ಟೇ ಖಚಿತವಾಗಿ ನೆನಪಿದೆ. ತಲೆ ಒಂದು ಸಲ ನೀರೊಳಗೆ ಹೋಯಿತು. ಕೂದಲು ಮಾತ್ರ ಮೇಲೆ ಹರಡಿತ್ತು. ಅವಳ ಇನ್ನೊಂದು ಕೈ ಅವನ ಹಿಡಿತದಲ್ಲಿತ್ತು. ಅವನು ಬಿಡಲಿಲ್ಲ. ಎದೆಮಟ್ಟದ ನೀರಿನಲ್ಲಿ ವಾಲಿ ನಿಂತು, ಅವಳನ್ನು ತನ್ನ ಕಡೆಗೆ ಎಳೆದು, ಕಂಕುಳಿಗೆ ಕೈ ಹಾಕಿ ಎತ್ತಿದ. ಮುದುಕ ದಪ್ಪ ಹಗ್ಗವೊಂದನ್ನು ತಂದು ಎಸೆದ. ಎರಡನೇ ಎಸೆತಕ್ಕೆ ನನಗೆ ಸಿಕ್ಕಿತು. ಇನ್ನೊಂದು ತುದಿಯನ್ನು ಮುದುಕ ತೆಂಗಿನ ಮರಕ್ಕೆ ಸುತ್ತಿ ಬಿಗಿಹಿಡಿದ. ಅದನ್ನೇ ಆಧರಿಸಿ ಮೂವರೂ ದಡ ಮುಟ್ಟಿದೆವು.

ಹೆಂಡತಿ ಕೆಸರಿನಲ್ಲಿ ಕೂತು ಕೆಮ್ಮುತ್ತಿದ್ದಳು. ನಾನು ಅವಳ ಬೆನ್ನು ತಟ್ಟುತ್ತಿದ್ದೆ. ಮುದುಕನಿಗೆ ಸಿಟ್ಟು ತಡೆಯಲಾಗಲಿಲ್ಲ. ಬೈದದ್ದು ನನ್ನನ್ನಲ್ಲ, ಅವನನ್ನು.

"ಥೂ, ನಿಂಗೇನ್ಲಾ ಬಂದಿರೋದು? ನೆನ್ನೆ ಒತ್ತಾರೆನೇ ನೀರು ಬುಡ್ತಾರೆ ಅಂತ ಟಾಂಟಾಂ ಒಡ್ಸಿದ್ರಲ್ಲ! ನೀನೇ ಆಳುಗೋಳಿಗೆ ಏಳಿ ಮೋಟ್ರು ಎಳಸ್ದೆ. ಈ ಹಗ್ಗನೇ ಅಲ್ವೇನ್ಲಾ ಅವ್ರು ಈಸ್ಕಂಡೋಗಿದ್ದು?"

ಹೊಳೆಯಂಚಿನ ರೈತರು ನೀರೆತ್ತುವ ಮೋಟಾರನ್ನು ತೀರಾ ಕೆಳಗೆ, ನೀರಿನ ಪಕ್ಕದಲ್ಲೇ ಇಟ್ಟಿರುತ್ತಾರೆ. ಮೇಲಿನಿಂದ ನೀರು ಬಿಡುತ್ತಾರೆಂದು ತಮಟೆ ಸಾರಿದ ಕೂಡಲೇ ಹಗ್ಗ ಕಟ್ಟಿ ಅದನ್ನು ದಡದ ಮೇಲಕ್ಕೆ ಎಳೆದುಕೊಳ್ಳುತ್ತಾರೆ. ನಾನು ತಲೆ ಎತ್ತಿ ನೋಡಿದೆ. ತೆಂಗಿನ ಮರಗಳ ಬುಡದಲ್ಲಿ ಸಾಲಾಗಿ ನಾಲ್ಕೈದು ಮೋಟಾರು ಕೂತಿದ್ದವು. ಕೊನೆಯದು ಅವನದು. ಮೇಲೆ ಗೋಣಿಚೀಲ ಹೊದಿಸಿ, ಗಾಳಿಗೆ ಹಾರದಂತೆ ಕಲ್ಲಿಟ್ಟಿದ್ದ.

"ನಿಂಗೆ ಗೊತ್ತಿತ್ತಾ?" ಎಂದೆ.

ಅವನು ಪಂಚೆ ಹಿಂಡುತ್ತಿದ್ದ. "ಅಲ್ಲಿ ಬುಟ್ಟ ನೀರು ಇಲ್ಗಂಟ ಬರಕ್ಕೆ ಒತ್ತು ಬೇಕು ಕಣ್ಲಾ. ಬ್ಯಾಸ್ಗೇಲಿ ಯಾವಾಗ್ಲೂ ಮಾರ್ನೆ ದಿನ ಒಂಬತ್ತು ಅತ್ತು ಗಂಟೆಗೇ ಬರದು. ಏಳಕ್ಕೆ ನಿಮ್ಮುನ್ನ ಎಬ್ಬುಸ್ಕಂಡು ಬರಾಣ ಅಂತಿದ್ದೆ."

"ಬ್ಯಾಸ್ಗೆ ಲೆಕ್ಕ ಈಗ ಆಕ್ತಾನೆ, ಗೇಮೆ ಮಾಡೋ ಮಗ!" ಎಂದ ಮುದುಕ. "ಬ್ಯಾಸ್ಗೇಲಿ ಒಳೆ ಮರ್ಳು ಒಣಗಿರ್ತದೆ, ಬಂದ ನೀರೆಲ್ಲ ಕುಡ್ಕತದೆ. ಈಗ ಅದ್ರ ಒಟ್ಟೆ ತುಂಬೈತೆ. ನೀರು ನಿಂತ್ಕಂಡ್ ಬತ್ತದಾ, ಓಡ್ಕಂಡ್ ಬತ್ತದಾ?"

"ನಮಗೆ ಹೇಳಬೇಕಿತ್ತು" ಎಂದೆ.

"ಏಳಿದ್ರೆ ನೀವು ಬತ್ತಿದ್ರಾ?" ಅವನ ಧ್ವನಿ ಸಣ್ಣದಾಗಿತ್ತು. "ನೇರ ಚನ್ರಾಯಪಟ್ಟಣಕ್ಕೆ ಓಗ್ಬುಡ್ತಿದ್ರಿ. ಒಂದ್ ರಾತ್ರಿ ತಾನೆ ಅನ್ಕಂಡೆ ಕಣ್ಲಾ."

ಅವನ ಮನೆಯಲ್ಲಿ ಹೆಂಡತಿಗೆ ಒಣಸೀರೆ ಕೊಟ್ಟರು, ಬಿಸಿ ಕಾಫಿ ಕೊಟ್ಟರು. ಅಷ್ಟರಲ್ಲಿ ಊರಿಗೆಲ್ಲ ಸುದ್ದಿಯಾಗಿತ್ತು. ಬಂದವರೆಲ್ಲ ಅವನನ್ನು ಹೊಗಳಿದರು. "ಕೈ ಬುಡ್ಲಿಲ್ವಂತೆ! ದೊಡ್ಡ ಜೀವ ಉಳಿಸ್ದ ಬುಡಪ್ಪ." ಅವನ ತಾಯಿ ಇವಳ ತಲೆ ಒರೆಸುತ್ತಾ, "ಗಂಡ ಬುಟ್ರೂವೆ ಅಣ್ಣ ಬುಡ್ಲಿಲ್ಲ ನೋಡು ಮಗ" ಎಂದರು. ಆ ತಾಯಿ ಚುಚ್ಚಬೇಕೆಂದು ಹೇಳಿದ್ದಲ್ಲ. ಅವನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ. ಹಾಗಲ್ಲ ಅವ್ವ, ಅಲ್ಲಿಗೆ ಕರೆದೊಯ್ದವನೂ ನಾನೇ ಎನ್ನುತ್ತಾನೆಂದು ಕಾದೆ. ಎನ್ನಲಿಲ್ಲ. ಅವನು ನೆಲ ನೋಡುತ್ತಾ ಹೊಗಳಿಕೆಯನ್ನು ಕೇಳಿಸಿಕೊಂಡ. ನನಗೆ ಹೊಳೆಯಲ್ಲಾದದ್ದಕ್ಕಿಂತ ಹೆಚ್ಚು ನೋವಾದದ್ದು ಆಗ.

ಹಾಸನಕ್ಕೆ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಹೆಂಡತಿ ಕೇಳಿದಳು: "ನಿಮಗೂ ಗೊತ್ತಿತ್ತಾ?"

ಇಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಾನೂ ಮುಚ್ಚಿಟ್ಟರೆ ಅವನಿಗೂ ನನಗೂ ವ್ಯತ್ಯಾಸವಿರುವುದಿಲ್ಲ ಅನ್ನಿಸಿತು. ಕಾರು ಪಕ್ಕಕ್ಕೆ ನಿಲ್ಲಿಸಿ ಹೇಳಿದೆ: ಫೋನಿನಲ್ಲಿ ಅವನು ಬಿಡಲ್ಲ ಎಂದು ಹೇಳಿರಲಿಲ್ಲ, ಕಡ್ಡಿ ನೆಟ್ಟದ್ದನ್ನು ನಾನು ನೋಡಿದ್ದೆ, ನಕ್ಕಿದ್ದೆ. ಅವಳು ಕಿಟಕಿಯಾಚೆ ನೋಡಿದಳು. "ನಡೀರಿ" ಅಂದಳು. ಆ ವಾರ ಅವಳು ಮಗಳ ಕೋಣೆಯಲ್ಲಿ ಮಲಗಿದಳು. ಈಗ ಮತ್ತೆ ನಮ್ಮ ಕೋಣೆಗೆ ಬಂದಿದ್ದಾಳೆ. ಆದರೆ ಗ್ಯಾಸ್ ಆಫ್ ಮಾಡಿದೆ ಎಂದು ನಾನು ಹೇಳಿದರೂ ಎದ್ದು ಹೋಗಿ ನೋಡಿ ಬರುತ್ತಾಳೆ.

ಕೊಚ್ಚಿಹೋದ ಟೆಂಟಿನ ಬದಲು ಹೊಸದು ಕೊಡಿಸುತ್ತೇನೆಂದು ಅವನು ಮೆಸೇಜು ಹಾಕಿದ. ನಾನು ಉತ್ತರಿಸಲಿಲ್ಲ. ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಫೋನೇ ಬಂತು. ನಾನು ಪರದೆಯ ಮೇಲೆ ಅವನ ಹೆಸರು ನೋಡುತ್ತಾ ಕೂತಿದ್ದೆ. ಹೆಂಡತಿ ಕೈ ಒರೆಸಿಕೊಂಡು ಬಂದು ಫೋನು ತೆಗೆದುಕೊಂಡು ಸ್ಪೀಕರ್ ಒತ್ತಿದಳು.

"ಅಣ್ಣ, ನಾನು. ಒಂದು ಮಾತು ಕೇಳ್ಬೇಕಿತ್ತು. ನನಗೆ ಈಜು ಬರಲ್ಲ ಅನ್ನೋದು ಅವತ್ತು ನಿಮಗೆ ಮರೆತುಹೋಗಿತ್ತಾ?"

ಆ ಕಡೆ ಎಲ್ಲೋ ಮೋಟಾರು ಓಡುತ್ತಿದ್ದ ಸದ್ದು ಕೇಳಿಸುತ್ತಿತ್ತು.

"ಇಲ್ಲ ತಂಗ್ಯವ್ವ" ಎಂದ. "ಮರ್ತಿರ್ಲಿಲ್ಲ."

"ಸರಿ. ಅಷ್ಟೇ." ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

"ಲೇ" ಎಂದ ಅವನು. "ಇದೀಯೇನ್ಲಾ? ಲೇ, ಮಾತಾಡ್ಲಾ."

ನಾನು ಅಲ್ಲೇ ಇದ್ದೆ. ಅವನಾಗಿ ಇಡುವವರೆಗೂ ಫೋನು ಹಿಡಿದುಕೊಂಡೇ ಇದ್ದೆ.